ಎಲೆ ನೋಡುವವರ ಊರು

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಆರು ಪುಟ್ಟ ರಾಜ್ಯಗಳಿಗೆ ಒಟ್ಟಾಗಿ ನ್ಯೂ ಇಂಗ್ಲೆಂಡ್ ಎಂದು ಹೆಸರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿನ ಕೆನಡಾ ಗಡಿಯ ಬೆಟ್ಟಗಳಲ್ಲಿ ಮೇಪಲ್ ಮರಗಳು ಕೆಂಪಾಗತೊಡಗುತ್ತವೆ. ಆ ಬಣ್ಣ ದಿನದಿನಕ್ಕೂ ಬೆಟ್ಟದಿಂದ ಕಣಿವೆಗೆ, ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತಾ ನವೆಂಬರ್ ಆರಂಭಕ್ಕೆ ಕನೆಕ್ಟಿಕಟ್‌ನ ಕಡಲಂಚನ್ನು ಮುಟ್ಟುತ್ತದೆ. ಯಾವುದೇ ಒಂದು ಊರಿನ ಪಾಲಿಗೆ ಒಳ್ಳೆಯ ಬಣ್ಣ ಉಳಿಯುವುದು ಹೆಚ್ಚೆಂದರೆ ಎರಡು ವಾರ. ಕೃಷಿ ಮೇಳಗಳು, ಸೇಬಿನ ತೋಟಗಳಲ್ಲಿ ಗಿರಾಕಿಗಳೇ ಹಣ್ಣು ಕಿತ್ತುಕೊಳ್ಳುವ ಹಬ್ಬ, ಕುಂಬಳಕಾಯಿ ಹೊಲಗಳು, ಚರ್ಚಿನ ಅಂಗಳದ ಸಾಮೂಹಿಕ ಊಟ ಎಲ್ಲವೂ ಈ ಕಿರು ಅವಧಿಯ ಆಸುಪಾಸಿನಲ್ಲೇ ಕಿಕ್ಕಿರಿದುಕೊಂಡಿವೆ. ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಸರ್ಕಾರಿ ರಜೆ. ಅದಕ್ಕೆ ಶನಿವಾರ, ಭಾನುವಾರ ಸೇರಿದರೆ ನಗರಗಳು ಹಳ್ಳಿಗಳತ್ತ ಹರಿಯುತ್ತವೆ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ನವರಾತ್ರಿ ಬಹುತೇಕ ಇದೇ ದಿನಗಳಲ್ಲಿ ಬರುವುದರಿಂದ ಗೊಂಬೆ ಕೂರಿಸುವುದು, ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಬಣ್ಣದ ಬೆಟ್ಟ ತೋರಿಸುವುದು ಎರಡೂ ಒಂದೇ ಋತುವಿನ ಕೆಲಸಗಳಾಗಿವೆ.

ನೋಡಲು ಬಂದವರಿಗೆ ಇದು ಅನಾದಿ ಕಾಲದ ಕಾಡು, ಎಂದಿನಿಂದಲೂ ಹೀಗೇ ಇದ್ದ ಹಳ್ಳಿ ಎನಿಸುವುದು ಸಹಜ. ವಾಸ್ತವ ಬೇರೆಯೇ ಇದೆ. ಈ ಕಾಡಿನ ಬಹುಭಾಗ ಒಂದೂವರೆ ಶತಮಾನಕ್ಕಿಂತ ಈಚಿನದು. ಇಲ್ಲಿನ ಬೇಸಾಯ ಸೋತ ನಂತರ ಮರಗಳು ಮರಳಿ ಬಂದವು. ಈ ಸೌಂದರ್ಯಕ್ಕೆ ಯಾರು ಬೆಲೆ ತೆರುತ್ತಿದ್ದಾರೆ ಎಂಬ ಇಂದಿನ ಜಗಳ ಅರ್ಥವಾಗಬೇಕಾದರೆ ಆ ಸೋಲಿನ ಕಥೆಯಿಂದಲೇ ಆರಂಭಿಸಬೇಕು.

ಕುರಿ ಹೋಯಿತು, ಕಾಡು ಬಂತು

ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ವರ್ಮಾಂಟ್ ರಾಜ್ಯದ ಮುಕ್ಕಾಲು ಪಾಲು ನೆಲ ಮರವಿಲ್ಲದ ಬಯಲಾಗಿತ್ತು. ಅದಕ್ಕೆ ಮುಖ್ಯ ಕಾರಣ ಮೆರಿನೋ ಕುರಿ. 1811ರ ಸುಮಾರಿಗೆ ಐಬೀರಿಯಾದಿಂದ ಈ ನಯವಾದ ಉಣ್ಣೆಯ ತಳಿ ದೊಡ್ಡ ಸಂಖ್ಯೆಯಲ್ಲಿ ಬಂದಿಳಿಯಿತು. ಯುರೋಪಿನ ಯುದ್ಧಗಳಿಂದ ಬಟ್ಟೆಯ ಆಮದಿಗೆ ಅಡ್ಡಿಯಾಗಿತ್ತು, ನದಿ ದಂಡೆಗಳಲ್ಲಿ ಹೊಸ ಉಣ್ಣೆ ಗಿರಣಿಗಳು ಎದ್ದಿದ್ದವು, ಸರ್ಕಾರ ಆಮದು ಸುಂಕದ ರಕ್ಷಣೆಯನ್ನೂ ಕೊಟ್ಟಿತು. ಬೆಟ್ಟದ ನೆತ್ತಿಯವರೆಗೂ ಮರ ಕಡಿದು ಹುಲ್ಲುಗಾವಲು ಮಾಡಲಾಯಿತು. 1840ರ ಹೊತ್ತಿಗೆ ರಾಜ್ಯದಲ್ಲಿ ಸುಮಾರು 17 ಲಕ್ಷ ಕುರಿಗಳಿದ್ದವು. ಮನುಷ್ಯರು ಮೂರು ಲಕ್ಷಕ್ಕೂ ಕಡಿಮೆ. ಹೊಲದಲ್ಲಿ ಪ್ರತಿ ಚಳಿಗಾಲದ ನಂತರ ಮೇಲೇಳುತ್ತಿದ್ದ ಕಲ್ಲುಗಳನ್ನು ಆಯ್ದು ರೈತರು ಅಂಚಿನುದ್ದಕ್ಕೂ ಗೋಡೆ ಪೇರಿಸಿದರು.

ಈ ಭರಾಟೆ ಹೆಚ್ಚು ಕಾಲ ನಡೆಯಲಿಲ್ಲ. 1825ರಲ್ಲಿ ಪಶ್ಚಿಮವನ್ನು ಪೂರ್ವಕ್ಕೆ ಜೋಡಿಸುವ ಈರಿ ಕಾಲುವೆ ತೆರೆಯಿತು, ಅದರ ಹಿಂದೆಯೇ ರೈಲು ಬಂತು. ಪಶ್ಚಿಮದ ಸಮತಟ್ಟಾದ ಫಲವತ್ತು ನೆಲದಲ್ಲಿ ಅಗ್ಗವಾಗಿ ಬೆಳೆದ ಉಣ್ಣೆ, ಗೋಧಿ ಪೂರ್ವದ ಮಾರುಕಟ್ಟೆಗೆ ಬಂದು ಬಿದ್ದವು. 1840ರ ದಶಕದಲ್ಲಿ ಸುಂಕದ ರಕ್ಷಣೆಯೂ ಸಡಿಲವಾಯಿತು. ಕಲ್ಲು ತುಂಬಿದ ಇಳಿಜಾರಿನಲ್ಲಿ ಬೇಸಾಯ ಮಾಡುವವನಿಗೆ ಪೈಪೋಟಿ ಸಾಧ್ಯವೇ ಇರಲಿಲ್ಲ. ಯುವಕರು ಪಶ್ಚಿಮಕ್ಕೋ ಗಿರಣಿ ಪಟ್ಟಣಗಳಿಗೋ ಹೊರಟರು, ಅಂತರ್ಯುದ್ಧ ಇನ್ನಷ್ಟು ಜನರನ್ನು ಕರೆದೊಯ್ದಿತು. ಬೆಟ್ಟದ ಹೊಲಗಳು ಪಾಳು ಬಿದ್ದವು. ಪಾಳು ಹೊಲದಲ್ಲಿ ಮೊದಲು ಬಿಳಿ ಪೈನ್, ಬರ್ಚ್ ಮರಗಳು ಎದ್ದವು, ಹೋಗುತ್ತಾ ಮೇಪಲ್ ಮತ್ತು ಬೀಚ್ ತಮ್ಮ ಜಾಗ ಹಿಡಿದವು. ಇಂದು ವರ್ಮಾಂಟ್‌ನ ಮುಕ್ಕಾಲು ಭಾಗ ಕಾಡು. ಅಂದರೆ ಲೆಕ್ಕ ಪೂರ್ತಿ ತಿರುಗಿಬಿಟ್ಟಿದೆ. ದಟ್ಟ ಮರಗಳ ನಡುವೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಕಲ್ಲಿನ ಗೋಡೆಗಳು ಮಾತ್ರ ಹಾಗೇ ಉಳಿದಿವೆ. ಪ್ರವಾಸಿಗರು ಅವುಗಳ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ.

ಹಳ್ಳಿ ಖಾಲಿಯಾದುದು ಆಡಳಿತದ ಚಿಂತೆಯೂ ಆಯಿತು. 1899ರಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ ವಲಸೆ ಹೋದವರನ್ನು ವರ್ಷಕ್ಕೊಮ್ಮೆ ಹುಟ್ಟೂರಿಗೆ ಕರೆಯುವ ‘ಓಲ್ಡ್ ಹೋಮ್ ವೀಕ್’ ಎಂಬ ಆಚರಣೆ ಆರಂಭಿಸಿತು. ಬಂದವರು ಊರಿನ ಗ್ರಂಥಾಲಯಕ್ಕೆ ಹಣ ಕೊಡಲಿ, ಸಾಧ್ಯವಾದರೆ ಪಾಳುಬಿದ್ದ ಮನೆ ಕೊಂಡು ಬೇಸಿಗೆಯಲ್ಲಾದರೂ ಬಂದಿರಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಹಳ್ಳಿಯ ಬದುಕು ಬೆಳೆಯ ಮೇಲಲ್ಲ, ನೋಡಲು ಬರುವವರ ಮೇಲೆ ನಿಲ್ಲಬಹುದು ಎಂಬ ಯೋಚನೆಗೆ ಅಧಿಕೃತ ಮುದ್ರೆ ಬಿದ್ದುದು ಸುಮಾರಾಗಿ ಆಗಲೇ ಎನ್ನಬಹುದು. ನಂತರ ಮೋಟಾರು ಕಾರು ಬಂತು. ನ್ಯೂ ಹ್ಯಾಂಪ್‌ಶೈರ್‌ನ ಬಿಳಿ ಪರ್ವತಗಳನ್ನು ಹಾಯುವ ಸುಮಾರು 55 ಕಿಲೋಮೀಟರ್ ಉದ್ದದ ಕಾಂಕಾಮಾಗಸ್ ಹೆದ್ದಾರಿ 1959ರಲ್ಲಿ ಆ ತುದಿಯಿಂದ ಈ ತುದಿಗೆ ತೆರೆಯಿತು. ಅದರುದ್ದಕ್ಕೂ ಇಂದಿಗೂ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ವರ್ಮಾಂಟ್ 1968ರಲ್ಲಿ ರಸ್ತೆ ಬದಿಯ ಜಾಹೀರಾತು ಫಲಕಗಳನ್ನು ಕಾನೂನಿನ ಮೂಲಕ ನಿಷೇಧಿಸಿತು, 1970ರಲ್ಲಿ ದೊಡ್ಡ ಕಟ್ಟಡ ಯೋಜನೆಗಳಿಗೆ ಪರಿಸರದ ಪರಿಶೀಲನೆ ಕಡ್ಡಾಯ ಮಾಡಿತು. ನೋಟವೂ ಒಂದು ಆಸ್ತಿ, ಅದನ್ನು ಕಾಯಬೇಕು ಎಂದು ಅಷ್ಟು ಹಿಂದೆಯೇ ಕಂಡುಕೊಂಡ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಕೆಂಪಿನ ರಸಾಯನ

ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್ ಹಗಲು ಚಿಕ್ಕದಾದಂತೆ ಒಡೆದುಹೋಗುತ್ತದೆ. ಮರ ಅದರಲ್ಲಿನ ಸಾರಜನಕವನ್ನು ಕೊಂಬೆಗೆ ಎಳೆದುಕೊಳ್ಳುತ್ತದೆ. ಆಗ ಅಡಗಿದ್ದ ಹಳದಿ ಕಾಣುತ್ತದೆ. ಕೆಂಪಿನ ವಿಷಯ ಹಾಗಲ್ಲ. ಆಂಥೋಸಯಾನಿನ್ ಎಂಬ ಆ ವರ್ಣದ್ರವ್ಯವನ್ನು ಮರ ಶರದೃತುವಿನಲ್ಲಿ ಎಲೆಯ ಸಕ್ಕರೆಯಿಂದ ಹೊಸದಾಗಿ ತಯಾರಿಸುತ್ತದೆ. ಬಿಸಿಲು ಹೊಳೆಯುವ ಹಗಲು, ಹಿಮಗಟ್ಟದಷ್ಟು ಮಾತ್ರ ತಣ್ಣಗಿನ ರಾತ್ರಿ ಒಟ್ಟಿಗೆ ಸಿಕ್ಕರೆ ಕೆಂಪು ಗಾಢವಾಗುತ್ತದೆ. ಯುರೋಪಿನ ಕಾಡುಗಳು ಬಹುಮಟ್ಟಿಗೆ ಹಳದಿಗೇ ನಿಲ್ಲುತ್ತವೆ. ಪೂರ್ವ ಏಷ್ಯಾ ಮತ್ತು ಈಶಾನ್ಯ ಅಮೆರಿಕದಲ್ಲಿ ಕೆಂಪು ತುಂಬಿಕೊಳ್ಳುತ್ತದೆ. ಉದುರಲಿರುವ ಎಲೆಗೆ ಇಷ್ಟು ಖರ್ಚೇಕೆ ಎಂಬ ಪ್ರಶ್ನೆಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ನಮ್ಮ ಕಡೆ ಮಾವಿನ, ಅರಳಿಯ ಎಳೆ ಚಿಗುರಿಗೆ ತಾಮ್ರದ ಕೆಂಪು ಬರುವುದೂ ಇದೇ ಜಾತಿಯ ವರ್ಣದ್ರವ್ಯದಿಂದ. ಅಲ್ಲಿ ಎಲೆಯ ಮುಪ್ಪಿನಲ್ಲಿ ಬರುವ ಕೆಂಪು ಇಲ್ಲಿ ಅದರ ಹುಟ್ಟಿನಲ್ಲಿ ಬರುತ್ತದೆ. ಬಂಡೀಪುರದಂತಹ ನಮ್ಮ ಎಲೆಯುದುರುವ ಕಾಡುಗಳು ಚಳಿಗಿಂತ ಹೆಚ್ಚಾಗಿ ನೀರಿನ ಕೊರತೆಗೆ ಎಲೆ ಕಳಚುವುದರಿಂದ ನಮಗೆ ಅಂಥ ಶರತ್ಕಾಲದ ವರ್ಣಮೇಳ ಇಲ್ಲ.

ರಾತ್ರಿಯ ತಂಪಿನ ಮೇಲೆ ನಿಂತಿರುವ ಈ ವ್ಯವಹಾರಕ್ಕೆ ಹವಾಮಾನ ಬದಲಾವಣೆ ನೇರ ಬೆದರಿಕೆ. ಸೆಪ್ಟೆಂಬರ್ ಬಿಸಿಯಾದರೆ ಬಣ್ಣ ತಡವಾಗುತ್ತದೆ, ಬರ ಬಿದ್ದರೆ ಎಲೆ ಕೆಂಪಾಗುವ ಮೊದಲೇ ಕಂದು ತಿರುಗಿ ಉದುರುತ್ತದೆ. ಏಷ್ಯಾದಿಂದ ಬಂದು ಸೇರಿಕೊಂಡ ಒಂದು ಹಸಿರು ಜೀರುಂಡೆ ಆ್ಯಷ್ ಮರಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದೆ. 2023ರ ಜುಲೈನಲ್ಲಿ ವರ್ಮಾಂಟ್‌ನ ಕಣಿವೆಗಳಲ್ಲಿ ಭಾರಿ ಪ್ರವಾಹ ಬಂತು, 2024ರ ಜುಲೈನಲ್ಲಿ ಮತ್ತೊಮ್ಮೆ ಬಂತು. ರಸ್ತೆ, ಸೇತುವೆ, ಅಂಗಡಿ ಕಳೆದುಕೊಂಡ ಊರುಗಳು ಮೂರು ತಿಂಗಳೊಳಗೆ ಶರತ್ಕಾಲದ ಅತಿಥಿಗಳಿಗೆ ಬಾಗಿಲು ತೆರೆಯಬೇಕಾಯಿತು. ಆ ವರ್ಷಗಳಲ್ಲಿ ಪ್ರವಾಸಿಗರು ಬೇಡ ಎನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮೇಳ ಹುಟ್ಟಿದ್ದು ಪಾಠಕ್ಕಾಗಿ

ಶರತ್ಕಾಲದ ಕೃಷಿ ಮೇಳದ ಬೇರು ಕೂಡ ಮೆರಿನೋ ಕುರಿಯಲ್ಲೇ ಇದೆ. 1807ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ ಒಬ್ಬ ಉತ್ಸಾಹಿ ಭೂಮಾಲೀಕ ಜೋಡಿ ಮೆರಿನೋ ಕುರಿಗಳನ್ನು ಕಟ್ಟಿ ಜನರಿಗೆ ತೋರಿಸಿದ. ಕುತೂಹಲಕ್ಕೆ ಸೇರಿದ ಗುಂಪು ಕಂಡು, ಇದನ್ನೇ ದೊಡ್ಡದಾಗಿ ಏಕೆ ಮಾಡಬಾರದು ಎನ್ನಿಸಿ 1810ರಲ್ಲಿ ಜಾನುವಾರು ಪ್ರದರ್ಶನ ಏರ್ಪಟ್ಟಿತು. ಉತ್ತಮ ತಳಿಗೆ, ಉತ್ತಮ ಬೆಳೆಗೆ, ಮನೆಯಲ್ಲಿ ನೇಯ್ದ ಬಟ್ಟೆಗೆ ಬಹುಮಾನ ಕೊಡುವ ಮಾದರಿ ಅಲ್ಲಿಂದ ಹಬ್ಬಿತು. ಅದೇ ರಾಜ್ಯದ ಟಾಪ್ಸ್‌ಫೀಲ್ಡ್‌ನ ಮೇಳ 1818ರಷ್ಟು ಹಿಂದಿನ ಮೂಲ ಹೇಳಿಕೊಳ್ಳುತ್ತದೆ. ಮೇಯ್ನ್ ರಾಜ್ಯದ ಫ್ರೈಬರ್ಗ್ ಮೇಳ 1851ರದು. ಎತ್ತುಗಳಿಂದ ಭಾರ ಎಳೆಸುವ ಸ್ಪರ್ಧೆಗೆ ಅಲ್ಲಿ ಈಗಲೂ ಜನ ಕಾದು ಕೂರುತ್ತಾರೆ. ನಮ್ಮ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯ ದನದ ಜಾತ್ರೆಗಳು ದೇವರ ಸನ್ನಿಧಿಯಲ್ಲಿ ಕೊಡುಕೊಳ್ಳುವಿಕೆಗಾಗಿ ಬೆಳೆದವು. ಅಮೆರಿಕದ ಮೇಳ ರೈತನಿಗೆ ಹೊಸ ವಿದ್ಯೆ ಕಲಿಸಲೆಂದು ಆರಂಭವಾಯಿತು. ಮೂಲ ಬೇರೆಯಾದರೂ ಇಂದಿನ ಸಂಕಟ ಎರಡಕ್ಕೂ ಸಮಾನ. ಹೊಲದಲ್ಲಿ ಟ್ರ್ಯಾಕ್ಟರ್ ಓಡುವಾಗ ಜಾತ್ರೆಗೆ ಎತ್ತು ತರುವವರು ಯಾರು?

ಅಲ್ಲಿ ಈ ಪ್ರಶ್ನೆಗೆ ರಾಟವಾಳ, ಹುರಿದ ತಿಂಡಿ, ಸಂಗೀತ ಮತ್ತು ದೈತ್ಯ ಕುಂಬಳಗಳು ಉತ್ತರ ಕೊಟ್ಟಿವೆ. 2012ರಲ್ಲಿ ಟಾಪ್ಸ್‌ಫೀಲ್ಡ್‌ನಲ್ಲಿ ತೂಗಿದ ಒಂದು ಕುಂಬಳ 2,009 ಪೌಂಡ್, ಅಂದರೆ 911 ಕಿಲೋ ಇತ್ತು. 2,000 ಪೌಂಡ್ ದಾಟಿದ ಮೊದಲ ಕಾಯಿ ಅದು. ಸಾರು ಮಾಡಲು ಅದು ಲಾಯಕ್ಕಲ್ಲ ಎನ್ನುವುದು ಬೇರೆ ಮಾತು. ಇದನ್ನು ಮೇಳದ ಅವನತಿ ಎಂದು ಹಳಿಯುವವರಿದ್ದಾರೆ. ಆದರೆ ಊರಿನ ಮಕ್ಕಳು ತಾವೇ ಸಾಕಿದ ಕರುವನ್ನು ತೊಳೆದು, ಬಾಚಿ, ತೀರ್ಪುಗಾರರ ಮುಂದೆ ನಡೆಸುವ ಕೊಟ್ಟಿಗೆಗಳು ಉಳಿದಿರುವುದು ರಾಟವಾಳದ ಟಿಕೆಟ್ ಹಣದ ನೆರವಿನಿಂದಲೂ ಹೌದು. ಹಾಗಾಗಿ ಹಳಿಯುವ ಮೊದಲು ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಒಂದು ಹಳ್ಳಿ ರಸ್ತೆ ಮುಚ್ಚಿದಾಗ

ಎಲೆ ನೋಡಲು ಬರುವವರನ್ನು ಅಲ್ಲಿನವರು ‘ಲೀಫ್ ಪೀಪರ್’ ಎನ್ನುತ್ತಾರೆ. ಹೇಳುವವರ ದನಿಯನ್ನು ಅವಲಂಬಿಸಿ ಅದು ಅಕ್ಕರೆಯೂ ಆಗಬಹುದು, ಬೈಗುಳವೂ ಆಗಬಹುದು. ವರ್ಮಾಂಟ್‌ನ ಪಾಮ್‌ಫ್ರೆಟ್ ಸಾವಿರಕ್ಕೂ ಕಡಿಮೆ ಜನರಿರುವ ಊರು. ಅದರ ಕ್ಲೌಡ್‌ಲ್ಯಾಂಡ್ ರಸ್ತೆಯ ತಗ್ಗಿನಲ್ಲಿ ಒಂದು ಖಾಸಗಿ ತೋಟದ ಮನೆ ಇದೆ. ಸುತ್ತಲೂ ಮೇಪಲ್, ನಡುವೆ ಬಾಗಿದ ದಾರಿ. ಆ ನೋಟ ಸಾಮಾಜಿಕ ಜಾಲತಾಣಗಳಲ್ಲಿ ಹರಡಿದ ಮೇಲೆ ಅಗಲವಿಲ್ಲದ ಆ ರಸ್ತೆಯಲ್ಲಿ ಕಾರುಗಳ ಸಾಲು ನಿಂತಿತು. ‘ಒಳಗೆ ಬರಬೇಡಿ’ ಫಲಕ ದಾಟಿ ಅಂಗಳಕ್ಕೆ ನುಗ್ಗಿದವರು, ಬಟ್ಟೆ ಬದಲಿಸಿ ಬದಲಿಸಿ ಫೋಟೋ ತೆಗೆಸಿಕೊಂಡವರು, ಕಸ ಎಸೆದು ಹೋದವರು, ಚರಂಡಿಗೆ ಇಳಿದ ವಾಹನಗಳು. ಆಂಬುಲೆನ್ಸ್ ಬರಬೇಕಾದರೆ ದಾರಿ ಎಲ್ಲಿ ಎಂಬ ಆತಂಕ ನಿವಾಸಿಗಳಿಗೆ ನಿಜವಾಗಿತ್ತು. ಕೊನೆಗೆ 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 15ರವರೆಗೆ ಆ ರಸ್ತೆಯನ್ನು ಹೊರಗಿನವರಿಗೆ ಮುಚ್ಚಲಾಯಿತು.

ಇದಕ್ಕೆ ಆಕ್ಷೇಪವೂ ಬಂತು. ಸಾರ್ವಜನಿಕ ಹಣದಲ್ಲಿ ಕಾಯ್ದುಕೊಂಡ ರಸ್ತೆಯನ್ನು ಅಲ್ಲಿ ಮನೆ ಇರುವವರಿಗಷ್ಟೇ ಮೀಸಲಿಡುವುದು ಸರಿಯೇ? ಪ್ರವಾಸಿಗರನ್ನು ಕರೆಯಲು ರಾಜ್ಯವೇ ಬಣ್ಣದ ಮುನ್ಸೂಚನೆ ಪ್ರಕಟಿಸುತ್ತಿರುವಾಗ, ಬಂದವರನ್ನು ತಿರುಗಿಸಿ ಕಳಿಸುವುದು ಎಂಥ ಆತಿಥ್ಯ? ವಸತಿಗೃಹದವರಿಗೆ, ಸೇಬಿನ ತೋಟದವರಿಗೆ, ಮೇಪಲ್ ಸಿರಪ್ ಮಾರುವವರಿಗೆ ಈ ವಾರಗಳ ವ್ಯಾಪಾರ ಹೋದರೆ ಎಲೆಯೆಲ್ಲ ಉದುರಿದ ನವೆಂಬರ್‌ನಲ್ಲಿ ಕೈ ಬರಿದು; ಆ ಬೋಳು ದಿನಗಳಿಗೆ ಅಲ್ಲಿ ‘ಸ್ಟಿಕ್ ಸೀಸನ್’ ಎಂದೇ ಹೆಸರು. ಇವೆಲ್ಲ ತೂಕವಿರುವ ಮಾತುಗಳೇ. ಆದರೂ ಮೂರು ವಾರ ಒಂದು ರಸ್ತೆ ಮುಚ್ಚಿದ್ದು ಅತಿರೇಕವೆಂದು ಹೇಳಲಾಗದು. ಆ ನೋಟಕ್ಕೆ ಪ್ರವೇಶ ಶುಲ್ಕವಿಲ್ಲ, ಪಾರ್ಕಿಂಗ್ ಇಲ್ಲ, ಶೌಚಾಲಯವಿಲ್ಲ. ಬಂದವರು ಊರಿನಲ್ಲಿ ಖರ್ಚು ಮಾಡುವುದೂ ಇಲ್ಲ. ಇಂಥ ಪ್ರವಾಸದಿಂದ ಹಳ್ಳಿಗೆ ದಕ್ಕುವುದು ರಸ್ತೆ ದುರಸ್ತಿಯ ಬಿಲ್ಲು ಮಾತ್ರ.

ಯಾರ ಜೇಬಿಗೆ, ಯಾರ ಹೆಗಲಿಗೆ

ಗೊಂದಲದ ಮೂಲ ಪ್ರವಾಸಿಗರ ಸಂಖ್ಯೆಗಿಂತ ಹಣದ ಹರಿವಿನಲ್ಲಿದೆ. ವರ್ಮಾಂಟ್‌ನಲ್ಲಿ ಊಟ ಮತ್ತು ವಸತಿಯ ಮೇಲೆ ಶೇ 9ರ ತೆರಿಗೆ ಇದೆ. ಅದು ಹೋಗುವುದು ರಾಜ್ಯದ ಬೊಕ್ಕಸಕ್ಕೆ. ಅದರ ಮೇಲೆ ಶೇ 1ರಷ್ಟು ಸ್ಥಳೀಯ ತೆರಿಗೆ ಹಾಕಿಕೊಳ್ಳುವ ಅವಕಾಶ ಊರುಗಳಿಗಿದೆಯಾದರೂ ಹೋಟೆಲೇ ಇಲ್ಲದ ಹಳ್ಳಿ ಯಾರ ಮೇಲೆ ಹಾಕೀತು? ಇನ್ನೊಂದೆಡೆ ಮೇಯ್ನ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ಗಳು ಒಟ್ಟು ಮನೆಗಳಲ್ಲಿ ರಜಾದಿನದ ಮನೆಗಳ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿರುವ ರಾಜ್ಯಗಳು. ನೋಟ ಮೆಚ್ಚಿ ನಗರದವರು ಮನೆ ಕೊಂಡಂತೆಲ್ಲ ಬೆಲೆ ಏರುತ್ತದೆ, ಊರಿನ ಶಿಕ್ಷಕರಿಗೆ, ಹಾಲು ಕರೆಯುವ ಕಾರ್ಮಿಕರಿಗೆ ಬಾಡಿಗೆ ಮನೆಯೂ ದಕ್ಕದಂತಾಗುತ್ತದೆ. 1940ರ ದಶಕದಲ್ಲಿ ವರ್ಮಾಂಟ್‌ನಲ್ಲಿ 11,000ಕ್ಕೂ ಹೆಚ್ಚು ಹೈನು ಕೃಷಿಯ ತೋಟಗಳಿದ್ದವು. ಈಗ 500ರ ಆಸುಪಾಸು. ಕೆಂಪು ಕೊಟ್ಟಿಗೆ, ಹಸಿರು ಹುಲ್ಲು, ಅದರ ಹಿಂದೆ ಉರಿಯುವ ಬೆಟ್ಟ ಎಂಬ ಚಿತ್ರದಲ್ಲಿ ಹುಲ್ಲನ್ನು ಹುಲ್ಲಾಗಿ ಉಳಿಸುವುದು ದನ. ದನ ಹೋದರೆ ಅಲ್ಲೂ ಮರ ಬೆಳೆದು, ಬೆಟ್ಟವನ್ನು ನೋಡಲು ಬೇಕಾದ ಬಯಲೇ ಮುಚ್ಚಿಹೋಗುತ್ತದೆ.

ಕರ್ನಾಟಕದ ಓದುಗರಿಗೆ ಇದು ದೂರದ ಕಥೆಯಲ್ಲ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಕಿರಿದಾದ ಘಾಟಿ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಿದ್ದನ್ನು ಕಂಡಿದ್ದೇವೆ. ದಸರಾ ರಜೆಯಲ್ಲಿ ಕೊಡಗು, ಚಿಕ್ಕಮಗಳೂರಿನ ಹಳ್ಳಿಗಳು ಪಡುವ ಪಾಡೂ ಗೊತ್ತು. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ, ಮುಳ್ಳಯ್ಯನಗಿರಿಗೂ ಮುಂಗಡ ಆನ್‌ಲೈನ್ ನೋಂದಣಿ ಮತ್ತು ವಾಹನ ಮಿತಿ ಬಂದಿದೆ. ಮಿತಿ ಹಾಕುವುದು ಬೇಕಾದ ಕ್ರಮವೇ. ಆದರೆ ಅದು ದಟ್ಟಣೆಯನ್ನು ನಿಭಾಯಿಸುತ್ತದೆಯೇ ಹೊರತು ನೋಟವನ್ನು ಉಳಿಸಿಕೊಟ್ಟ ನೆಲದವರಿಗೆ ಏನನ್ನೂ ಕೊಡುವುದಿಲ್ಲ.

ಈ ಎರಡನೆಯ ಕೆಲಸಕ್ಕೆ ವರ್ಮಾಂಟ್ 1987ರಲ್ಲೇ ಒಂದು ದಾರಿ ಹುಡುಕಿತು. ರೈತನಿಂದ ಜಮೀನನ್ನಲ್ಲ, ಅದರಲ್ಲಿ ಬಡಾವಣೆ ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುವುದು. ಹಣ ರೈತನಿಗೆ ಸಿಗುತ್ತದೆ, ಉಳುಮೆ ಅವನದೇ, ನೆಲ ಮಾತ್ರ ಶಾಶ್ವತವಾಗಿ ಕೃಷಿಗೆ ಬದ್ಧ. ಇದಕ್ಕೂ, ಕಡಿಮೆ ಆದಾಯದವರ ಮನೆಗಳಿಗೂ ಒಂದೇ ನಿಧಿ. ಎರಡೂ ಬೇರೆಬೇರೆ ನಿಧಿಗಳಾಗಿದ್ದರೆ ಹೊಲ ಉಳಿಸುವವರು, ಮನೆ ಕಟ್ಟುವವರು ಪರಸ್ಪರ ಎದುರಾಳಿಗಳಾಗುತ್ತಿದ್ದರು. ಆಸ್ತಿ ವರ್ಗಾವಣೆ ತೆರಿಗೆಯ ಒಂದು ಪಾಲು ಈ ನಿಧಿಗೆ ಮೀಸಲು; ಹಲವು ವರ್ಷ ಪೂರ್ತಿ ಪಾಲು ಕೈಸೇರಿಲ್ಲ ಎಂಬುದು ಅದರ ಕುಂದು. 2024ರಲ್ಲಿ ರಜಾದಿನಕ್ಕೆಂದು ಎರಡನೇ ಮನೆ ಕೊಳ್ಳುವವರಿಗೆ ಈ ವರ್ಗಾವಣೆ ತೆರಿಗೆಯ ದರವನ್ನು ರಾಜ್ಯ ಏರಿಸಿತು.