ಒಂಟಿ ಪ್ರವಾಸಿಗೆ ಬಾಗಿಲು ತೆರೆದ ಕಲಾನಗರ: ಮೆಲ್ಬೋರ್ನ್

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಆದರೆ ದೇಶ ಸುತ್ತುವುದೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಸಂಸಾರ ಸಮೇತ ಯಾತ್ರೆ ಹೊರಡುವುದು, ಇಲ್ಲವೆ ಹೊಟ್ಟೆಯ ಪಾಡಿಗಾಗಿ ಊರು ಬಿಡುವುದು. ಕೆಲಸವಿಲ್ಲದೆ, ನೆಂಟರಿಷ್ಟರಿಲ್ಲದೆ, ಕೇವಲ ನೋಡಿ ತಿಳಿಯುವುದಕ್ಕಾಗಿ ಒಬ್ಬರೇ ಪರದೇಶದ ಮಹಾನಗರವೊಂದಕ್ಕೆ ಹೋಗುವುದು ಇಂದಿಗೂ ಹಲವರಿಗೆ ವಿಚಿತ್ರವಾಗಿಯೇ ತೋರುತ್ತದೆ. ಹಾಗಿದ್ದರೂ, ಎಳೆಯ ಪ್ರಾಯದಲ್ಲಿಯೇ ಟ್ರಂಕೊಂದನ್ನು ಹಿಡಿದು ಮುಂಬಯಿಗೋ ಪುಣೆಗೋ ಬಂದಿಳಿದ ನಮ್ಮವರಿಗೆ ಒಂಟಿತನ ಹೊಸದೇನಲ್ಲ. ಗುರುತಿಲ್ಲದ ಊರಿನಲ್ಲಿ ಮನುಷ್ಯನಿಗೆ ಮೊದಲು ಬೇಕಾಗುವುದೇನೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಯಾರೂ ಬಂದು ಎಬ್ಬಿಸದಂತೆ ನೆಮ್ಮದಿಯಾಗಿ ಕುಳಿತುಕೊಳ್ಳಲು ಒಂದಿಷ್ಟು ಸ್ಥಳ, ಅಷ್ಟೆ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ರಾಜಧಾನಿಯಾದ ಮೆಲ್ಬೋರ್ನ್ ಒಂಟಿ ಪ್ರವಾಸಿಯ ಪಾಲಿಗೆ ಉದಾರವಾದ ನಗರವೆಂದೇ ಹೇಳಬೇಕು.

ಐವತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯುಳ್ಳ ಈ ನಗರ ಯಾರಾ ನದಿಯ ದಂಡೆಯಲ್ಲಿದೆ. ಅಲ್ಲಿನ ಮೂಲನಿವಾಸಿಗಳು ಈ ನದಿಯನ್ನು ಕರೆಯುವ ಹೆಸರು ಬಿರರಂಗ್. ಸಾವಿರಾರು ವರ್ಷಗಳಿಂದ ಅವರದಾಗಿದ್ದ ಈ ನೆಲಕ್ಕೆ 1835ರಲ್ಲಿ ಬಿಳಿಯ ವಲಸೆಗಾರರು ಬಂದು ನೆಲೆಯೂರಿದರು. 1837ರಲ್ಲಿ ರಾಬರ್ಟ್ ಹಾಡ್ಲ್ ಎಂಬ ಭೂಮಾಪಕನು ಚದುರಂಗದ ಹಲಗೆಯಂತೆ ಬೀದಿಗಳನ್ನು ಗುರುತಿಸಿದನು. ದೊಡ್ಡ ಬೀದಿಗಳ ಅಗಲ 99 ಅಡಿ. ಅವುಗಳ ನಡುವೆ ಗಾಡಿಗಳ ಓಡಾಟಕ್ಕೆಂದು ಬಿಟ್ಟ ಚಿಕ್ಕ ಬೀದಿಗಳ ಅಗಲ 33 ಅಡಿ. ಆ ನಕ್ಷೆ ಇಂದಿಗೂ ಹಾಗೆಯೇ ಇರುವುದರಿಂದ ಹೊಸಬರಿಗೆ ದಾರಿ ತಪ್ಪುವ ಭಯ ಕಡಿಮೆ. 1851ರಲ್ಲಿ ಸುತ್ತಲಿನ ಪ್ರದೇಶದಲ್ಲಿ ಚಿನ್ನ ದೊರೆಯಿತು. ಲೋಕದ ನಾಲ್ಕು ಮೂಲೆಗಳಿಂದ ಜನ ಹರಿದುಬಂದರು. ಕೆಲವೇ ವರ್ಷಗಳಲ್ಲಿ ಹಳ್ಳಿ ಮಹಾನಗರವಾಯಿತು.

ವಿಮಾನನಿಲ್ದಾಣದಿಂದ ಬಸ್ಸು ಪ್ರಯಾಣಿಕರನ್ನು ಸದರ್ನ್ ಕ್ರಾಸ್ ರೈಲು ನಿಲ್ದಾಣಕ್ಕೆ ತಂದು ಬಿಡುತ್ತದೆ. ಅಲ್ಲಿಂದ ಮುಂದೆ ಟ್ರಾಮ್. ಮುಂಬಯಿಯಲ್ಲಿ 1964ರಲ್ಲಿ ಕಣ್ಮರೆಯಾದ ಈ ವಾಹನ ಮೆಲ್ಬೋರ್ನಿನಲ್ಲಿ ಸುಮಾರು 250 ಕಿಲೋಮೀಟರ್ ಉದ್ದದ ಹಳಿಗಳ ಮೇಲೆ ಇಂದಿಗೂ ಓಡುತ್ತಿದೆ. ಪ್ರಪಂಚದಲ್ಲಿಯೇ ಇದು ಅತಿ ದೊಡ್ಡ ಟ್ರಾಮ್ ಜಾಲ. 2015ರಿಂದ ನಗರದ ಮಧ್ಯಭಾಗದಲ್ಲಿ ಟ್ರಾಮಿಗೆ ಟಿಕೆಟು ಬೇಕಿಲ್ಲ. ಆ ವಲಯದ ಗಡಿ ದಾಟಿದರೆ ಮಾತ್ರ ಮೈಕಿ ಎಂಬ ಕಾರ್ಡು ಇರಲೇಬೇಕು.

ಒಬ್ಬಂಟಿಗರು ಮೊದಲು ಹೋಗಬೇಕಾದುದು ಸ್ವಾನ್ಸ್ಟನ್ ಬೀದಿಯಲ್ಲಿರುವ ರಾಜ್ಯ ಗ್ರಂಥಾಲಯಕ್ಕೆ. 1854ರಲ್ಲಿ ಸ್ಥಾಪನೆಯಾಗಿ 1856ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಈ ಸಂಸ್ಥೆಯ ಹಿಂದೆ ನಿಂತವನು ರೆಡ್ಮಂಡ್ ಬ್ಯಾರಿ ಎಂಬ ನ್ಯಾಯಾಧೀಶ. ಹದಿನಾಲ್ಕು ವರ್ಷ ದಾಟಿದ ಯಾರೇ ಆಗಲಿ, ಕೈ ಶುಚಿಯಾಗಿದ್ದರೆ ಸಾಕು, ಒಳಗೆ ಬಂದು ಓದಬಹುದು ಎಂಬುದು ಆರಂಭದ ನಿಯಮವಾಗಿತ್ತು. ಹುದ್ದೆಯನ್ನು ಕೇಳಲಿಲ್ಲ, ಶಿಫಾರಸನ್ನು ಬೇಡಲಿಲ್ಲ. 1913ರಲ್ಲಿ ಕಟ್ಟಿ ಮುಗಿಸಿದ ಅಷ್ಟಕೋನದ ವಾಚನಶಾಲೆಯ ಮೇಲೆ ಭವ್ಯವಾದ ಗುಮ್ಮಟವಿದೆ. ಅದರಡಿಯ ಹಳೆಯ ಮೇಜುಗಳಲ್ಲಿ ವಿದ್ಯಾರ್ಥಿಯೂ, ನಿರುದ್ಯೋಗಿಯೂ, ಪರದೇಶದ ಪ್ರವಾಸಿಯೂ ಸಮಾನವಾಗಿ ಕುಳಿತಿರುತ್ತಾರೆ. ನೆಡ್ ಕೆಲಿ ಎಂಬ ಹೆಸರಾಂತ ದರೋಡೆಗಾರನು ತೊಟ್ಟಿದ್ದ ಕಬ್ಬಿಣದ ಕವಚವೂ ಈ ಗ್ರಂಥಾಲಯದ ಸೊತ್ತೇ. 1880ರಲ್ಲಿ ಅವನಿಗೆ ಗಲ್ಲು ಶಿಕ್ಷೆ ವಿಧಿಸಿದವನು ಇದೇ ಬ್ಯಾರಿ. ಕೆಲಿಯನ್ನು ಗಲ್ಲಿಗೇರಿಸಿದ ಹನ್ನೆರಡನೆಯ ದಿನ ಬ್ಯಾರಿಯೂ ತೀರಿಕೊಂಡನು. ತೀರ್ಪಿತ್ತವನ ಗ್ರಂಥಾಲಯದಲ್ಲಿ ತೀರ್ಪಿಗೊಳಗಾದವನ ಕವಚ ಉಳಿದುಬಂದಿರುವುದು ಇತಿಹಾಸದ ವಿನೋದಗಳಲ್ಲಿ ಒಂದು.

ಗ್ರಂಥಾಲಯ ತೆರೆದ ಅದೇ 1856ನೆಯ ಇಸವಿಯ ಏಪ್ರಿಲ್ 21ರಂದು ಇನ್ನೊಂದು ಘಟನೆ ನಡೆಯಿತು. ವಿಶ್ವವಿದ್ಯಾನಿಲಯದ ಕಟ್ಟಡದಲ್ಲಿ ಕಲ್ಲು ಕೆತ್ತುತ್ತಿದ್ದ ಕೆಲಸಗಾರರು ಉಳಿಗಳನ್ನು ಕೆಳಗಿಟ್ಟು ಪಾರ್ಲಿಮೆಂಟು ಭವನದವರೆಗೆ ಮೆರವಣಿಗೆ ಹೊರಟರು. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯಲಾರೆವು, ಸಂಬಳವೂ ಕಡಿಮೆಯಾಗಕೂಡದು ಎಂಬುದು ಅವರ ಬೇಡಿಕೆ. ಕಟ್ಟಡ ಕೆಲಸಗಾರರಿಗೆ ಆ ಬೇಡಿಕೆ ಈಡೇರಿತು. ಉಳಿದ ಕಸುಬಿನವರೂ ಹೆಂಗಸರೂ ಅದಕ್ಕಾಗಿ ಇನ್ನೂ ಬಹುಕಾಲ ಕಾಯಬೇಕಾಯಿತೆಂಬುದನ್ನು ಮರೆಯುವಂತಿಲ್ಲ. ಆ ಗೆಲುವಿನ ನೆನಪಿಗಾಗಿ 1903ರಲ್ಲಿ ನಿಲ್ಲಿಸಿದ ಸ್ತಂಭ ಈಗ ಕಾರ್ಮಿಕರ ಟ್ರೇಡ್ಸ್ ಹಾಲಿನ ಎದುರಿಗಿದೆ. ಅದರ ತುದಿಯಲ್ಲಿ ಮೂರು ಸಲ ಎಂಟರ ಅಂಕೆಯನ್ನು ಕಾಣಬಹುದು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಮನೋಲ್ಲಾಸ, ಎಂಟು ಗಂಟೆ ವಿಶ್ರಾಂತಿ ಎಂಬುದು ಅದರ ಅರ್ಥ.

ಈ ಸ್ತಂಭ ಪ್ರವಾಸಿಗಳ ಕಣ್ಣಿಗೆ ಬೀಳುವುದೇ ಅಪರೂಪ. ಆದರೂ ಮೆಲ್ಬೋರ್ನ್ ಕಲಾನಗರವಾದುದರ ಗುಟ್ಟು ಬಹುಭಾಗ ಅದರಲ್ಲಿಯೇ ಅಡಗಿದೆ ಎನ್ನಬಹುದು. ದುಡಿಮೆಗೂ ನಿದ್ರೆಗೂ ಮಧ್ಯೆ ತನ್ನದೇ ಆದ ಕೆಲವು ಗಂಟೆಗಳಿಲ್ಲದವನಿಗೆ ಚಿತ್ರವೇನು, ಸಂಗೀತವೇನು? ನಸುಕಿನಲ್ಲೆದ್ದು ಒಲೆ ಹಚ್ಚಿ, ರಾತ್ರಿ ಮೇಜು ಒರೆಸಿ ಮಲಗುವ ನಮ್ಮ ಹೋಟೆಲು ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು ನಿದ್ರೆಯ ಪಾಲಿನಿಂದಲೇ ಆ ಗಂಟೆಗಳನ್ನು ಕಡಿದು ತೆಗೆದವರಲ್ಲವೆ?

ನದಿಯ ಸೇತುವೆ ದಾಟಿ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ವಿಕ್ಟೋರಿಯದ ರಾಷ್ಟ್ರೀಯ ಚಿತ್ರಶಾಲೆ ಎದುರಾಗುತ್ತದೆ. 1861ರಲ್ಲಿ ಹುಟ್ಟಿದ ಇದು ಆಸ್ಟ್ರೇಲಿಯದ ಸಾರ್ವಜನಿಕ ಚಿತ್ರಶಾಲೆಗಳಲ್ಲಿ ಅತ್ಯಂತ ಹಳೆಯದು. ಈಗಿನ ಕಟ್ಟಡ 1968ರದು. ವಿಶೇಷ ಪ್ರದರ್ಶನಗಳಿಗೆ ಹಣ ಕೊಡಬೇಕಾದರೂ ಶಾಶ್ವತ ಸಂಗ್ರಹವನ್ನು ನೋಡಲು ಕಾಸೂ ಬೇಡ. ಬಾಗಿಲಲ್ಲಿ ಗಾಜಿನ ಗೋಡೆಯ ಮೇಲೆ ಸದಾ ನೀರು ಇಳಿಯುತ್ತಿರುತ್ತದೆ. ಒಳಗಿನ ಮಹಾಸಭಾಂಗಣದ ಮಾಳಿಗೆ ಪೂರ್ತಿಯಾಗಿ ಬಣ್ಣದ ಗಾಜಿನದು. ಲೆನರ್ಡ್ ಫ್ರೆಂಚ್ ಎಂಬ ಕಲಾವಿದನ ಕೃತಿಯಿದು. ಜನರು ನೆಲದ ಮೇಲೆ ಅಂಗಾತ ಮಲಗಿ ಅದನ್ನು ನೋಡುತ್ತಾರೆ, ಕಾವಲುಗಾರರು ಗದರಿಸುವುದಿಲ್ಲ. ಒಬ್ಬಂಟಿಯಾಗಿ ಬಂದವರಿಗೆ ಇದಕ್ಕಿಂತ ಹೆಚ್ಚಿನ ಆತಿಥ್ಯ ಬೇರಾವುದಿದ್ದೀತು?

ಈ ಚಿತ್ರಶಾಲೆ ಸಿರಿವಂತವಾದುದು ಒಬ್ಬ ಒಂಟಿ ಮನುಷ್ಯನಿಂದ ಎಂಬುದೂ ಗಮನಿಸತಕ್ಕ ಸಂಗತಿ. ಆಲ್ಫ್ರೆಡ್ ಫೆಲ್ಟನ್ ಎಂಬ ಔಷಧ ವ್ಯಾಪಾರಿ ಮದುವೆಯಾಗದೆ, ಕೊನೆಯ ವರ್ಷಗಳನ್ನು ಕಡಲತೀರದ ಹೋಟೆಲೊಂದರ ಕೋಣೆಗಳಲ್ಲಿ ಚಿತ್ರಗಳ ನಡುವೆ ಕಳೆದು 1904ರಲ್ಲಿ ತೀರಿಕೊಂಡನು. ತನ್ನ ಆಸ್ತಿಯ ಉತ್ಪನ್ನದಲ್ಲಿ ಅರ್ಧವನ್ನು ದಾನಧರ್ಮಕ್ಕೂ, ಉಳಿದರ್ಧವನ್ನು ಈ ಚಿತ್ರಶಾಲೆಗೆ ಕಲಾಕೃತಿಗಳನ್ನು ಕೊಳ್ಳುವುದಕ್ಕೂ ಬರೆದಿಟ್ಟನು. ಇಂದು ಗೋಡೆಗಳ ಮೇಲೆ ಕಾಣುವ ಎಷ್ಟೋ ಶ್ರೇಷ್ಠ ಕೃತಿಗಳು ಆ ಹಣದಿಂದ ಬಂದವು.

ಇಲ್ಲಿಯೇ ಪಿಕಾಸೊ 1937ರಲ್ಲಿ ಬರೆದ ಅಳುವ ಹೆಂಗಸಿನ ಚಿತ್ರವಿದೆ. 1986ರ ಆಗಸ್ಟಿನಲ್ಲಿ ಅದು ಕಳುವಾಯಿತು. ಕದ್ದವರು ಹಣ ಕೇಳಲಿಲ್ಲ. ಕಲೆಗಾಗಿ ಸರಕಾರ ಮಾಡುವ ವೆಚ್ಚವನ್ನು ಹೆಚ್ಚಿಸಬೇಕು, ಎಳೆಯ ಕಲಾವಿದರಿಗೆ ಬಹುಮಾನ ಏರ್ಪಡಿಸಬೇಕು ಎಂದು ಪತ್ರ ಬರೆದರು! ಕೆಲವು ವಾರಗಳೊಳಗೆ ಚಿತ್ರ ಸುರಕ್ಷಿತವಾಗಿ ದೊರೆಯಿತು. ಸ್ಪೆನ್ಸರ್ ಸ್ಟ್ರೀಟ್ ಎಂದು ಆಗ ಕರೆಯುತ್ತಿದ್ದ, ಈಗ ಪ್ರವಾಸಿಗಳು ಬಸ್ಸಿಳಿಯುವ ಅದೇ ಸದರ್ನ್ ಕ್ರಾಸ್ ನಿಲ್ದಾಣದ ಸಾಮಾನು ಕಪಾಟಿನಲ್ಲಿ ಅದನ್ನಿಟ್ಟು ಹೋಗಿದ್ದರು. ಕಳ್ಳರು ಯಾರೆಂಬುದು ಕೊನೆಗೂ ಹೊರಬೀಳಲಿಲ್ಲ.

ಚಿತ್ರಶಾಲೆಯ ಕಲೆ ಗೋಡೆಯೊಳಗಿನದಾದರೆ, ಓಣಿಗಳ ಕಲೆ ಹೊರಗೋಡೆಯದು. 2002ರಲ್ಲಿ ತೆರೆದ ಫೆಡರೇಷನ್ ಸ್ಕ್ವೇರ್ ಎಂಬ ಬಯಲಿನ ಎದುರಿಗಿರುವ ಹೋಸಿಯರ್ ಓಣಿಯಲ್ಲಿ ನೆಲದಿಂದ ಮೇಲಿನವರೆಗೆ ಚಿತ್ರಗಳೇ. ಇಂದು ಬರೆದುದರ ಮೇಲೆ ನಾಳೆ ಇನ್ನೊಬ್ಬನು ಬಣ್ಣ ಬಳಿಯುತ್ತಾನೆ. ಯಾರೂ ಶಾಶ್ವತತೆಯನ್ನು ಬಯಸುವುದಿಲ್ಲ. ಒಂದು ಕಾಲಕ್ಕೆ ಕಸವನ್ನೂ ಸರಕನ್ನೂ ಸಾಗಿಸುತ್ತಿದ್ದ ಹಿಂಬಾಗಿಲ ಓಣಿಗಳೇ ಈಗ ನಗರದ ಕೀರ್ತಿಗೆ ಕಾರಣವಾಗಿವೆ.

ಇನ್ನು ಊಟೋಪಚಾರದ ಮಾತು. ಒಬ್ಬರೇ ಕುಳಿತು ಉಣ್ಣುವ ಮುಜುಗರ ಪ್ರವಾಸದ ನಿಜವಾದ ಕಷ್ಟ. ಎರಡನೆಯ ಮಹಾಯುದ್ಧದ ಅನಂತರ ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಬಂದ ಇಟಲಿಯವರು ಇದಕ್ಕೊಂದು ಉಪಾಯವನ್ನು ತಂದರು. ಬರ್ಕ್ ಬೀದಿಯಲ್ಲಿ 1954ರಲ್ಲಿ ಆರಂಭವಾದ ಪೆಲೆಗ್ರೀನೀಸ್ ಕಾಫಿ ಹೋಟೆಲಿನಲ್ಲಿ ಉದ್ದನೆಯ ಕೌಂಟರು, ಅದರ ಮುಂದೆ ಎತ್ತರದ ಸ್ಟೂಲುಗಳು. ಪಕ್ಕದವನೂ ಒಬ್ಬನೇ, ಅವನ ಪಕ್ಕದವನೂ ಒಬ್ಬನೇ. ಉಡುಪಿಯ ಕಡೆಯವರು ಮುಂಬಯಿಯ ನಾಲಗೆಗೆ ದೋಸೆ ಇಡ್ಲಿಗಳ ರುಚಿ ಹತ್ತಿಸಿದಂತೆ, ಚಹಾ ಕುಡಿಯುತ್ತಿದ್ದ ಊರಿಗೆ ಎಸ್ಪ್ರೆಸೊ ಕಾಫಿಯ ಚಟ ಹತ್ತಿಸಿದವರಲ್ಲಿ ಈ ವಲಸೆಗಾರರು ಪ್ರಮುಖರು. ಪರವೂರಿನವನು ತನ್ನ ಅಡುಗೆಯಿಂದ ಊರನ್ನೇ ಗೆಲ್ಲಬಲ್ಲನೆಂಬುದಕ್ಕೆ ಇದು ಇನ್ನೊಂದು ಸಾಕ್ಷಿ.

ನದಿಯ ದಂಡೆಯಲ್ಲಿ ಪೂರ್ವಕ್ಕೆ ನಡೆದವರಿಗೆ ಮೆಲ್ಬೋರ್ನ್ ಕ್ರಿಕೆಟ್ ಮೈದಾನ ಕಾಣುತ್ತದೆ. ಕನ್ನಡಿಗರು ಅಲ್ಲೊಮ್ಮೆ ನಿಲ್ಲದೆ ಹೋಗಲಾರರು. 1977ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಪಂದ್ಯದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ ಎರಡು ಇನ್ನಿಂಗ್ಸುಗಳಲ್ಲಿಯೂ 52 ರನ್ನುಗಳಿಗೆ ತಲಾ 6 ವಿಕೆಟುಗಳನ್ನು ಕಿತ್ತು, ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊತ್ತಮೊದಲ ಟೆಸ್ಟ್ ಗೆಲುವನ್ನು ತಂದುಕೊಟ್ಟರು. 1981ರಲ್ಲಿ ಭದ್ರಾವತಿಯ ಜಿ. ಆರ್. ವಿಶ್ವನಾಥರ 114 ರನ್ನುಗಳು ಅಲ್ಲಿಯೇ ಇನ್ನೊಂದು ಜಯಕ್ಕೆ ಅಡಿಗಲ್ಲಾದವು.

ಹೊರಡುವವರಿಗೆ ಎರಡು ಮಾತು. ವಸತಿ ಅಲ್ಲಿ ಬಹಳ ದುಬಾರಿ. ಒಂದೇ ಕೋಣೆಯಲ್ಲಿ ಹಲವು ಮಂಚಗಳಿರುವ ಹಾಸ್ಟೆಲುಗಳು ಒಬ್ಬಂಟಿಗರಿಗೆ ಅಗ್ಗವೂ ಹೌದು, ಮಾತಿಗೆ ಜನ ಸಿಗುವ ತಾಣವೂ ಹೌದು. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಒಂದೇ ದಿನದಲ್ಲಿ ನಾಲ್ಕು ಋತುಗಳು ಬಂದುಹೋಗುವ ಊರೆಂದು ಅಲ್ಲಿನವರೇ ನಗುತ್ತಾರೆ. ಬಿಸಿಲಿದ್ದರೂ ಕೋಟು ಕೈಯಲ್ಲಿರಲಿ. ದಿನವೂ ತಂಗುವ ಜಾಗವನ್ನು ಮನೆಯವರಿಗೆ ತಿಳಿಸುತ್ತಿರಬೇಕು.

ವಿಮಾನದ ಟಿಕೆಟಿಗೆ ಬೇಕಾಗುವ ಹಣ ನಮ್ಮಲ್ಲಿ ಬಹುಮಂದಿಗೆ ಸುಲಭವಾಗಿ ಒದಗದೆಂಬುದು ನಿಜ. ಆದರೆ ಮೆಲ್ಬೋರ್ನ್ ಕಲಿಸುವ ಪಾಠಕ್ಕೆ ಟಿಕೆಟು ಬೇಕಾಗಿಲ್ಲ. ಮುಂಬಯಿಯ ಕಾಲಾ ಘೋಡಾದಲ್ಲಿ 1952ರಿಂದ ನಿಂತಿರುವ ಜಹಾಂಗೀರ್ ಕಲಾಶಾಲೆಗೂ ಪ್ರವೇಶಶುಲ್ಕವಿಲ್ಲ. ಅದರ ಮುಂದೆ ದಿನವೂ ಹಾದುಹೋಗುವ ನಮ್ಮವರಲ್ಲಿ ಒಳಗೆ ಕಾಲಿಟ್ಟವರೆಷ್ಟು ಮಂದಿ? ಒಳಗೆ ಹೋಗಲು ನಾವು ತಕ್ಕವರಲ್ಲವೆಂಬ ಅಳುಕೇ ಹಲವರನ್ನು ಹೊರಗೆ ತಡೆದಿದೆ. ಬರುವ ರಜೆಯ ದಿನ ಒಂದು ಗಂಟೆಯನ್ನು ಅಲ್ಲಿ ಕಳೆದು ನೋಡಲಿ. ಕೈ ಶುಚಿಯಾಗಿದ್ದರೆ ಸಾಕು.