ಹಿಮದ ಮೇಲೆ ಮೊದಲ ಪಾಠ: ಇಳಿಜಾರಿಗಿಂತ ಮೊದಲು ಗುರುವನ್ನು ಆರಿಸಿ

ಕಾಫಿ ಕೊಯ್ಲು ಮುಗಿದು ಕಣದ ಕೆಲಸ ಹಗುರಾಗುತ್ತಿದ್ದಂತೆ, ಅಡಿಕೆ ಒಣಗಿ ಮೂಟೆ ಸೇರುತ್ತಿದ್ದಂತೆ, ಮನೆಮಂದಿಯೊಡನೆ ನಾಲ್ಕು ದಿನ ಎಲ್ಲಿಗಾದರೂ ಹೋಗಿಬರೋಣವೆಂಬ ಮಾತು ಬೆಳೆಗಾರರ ಮನೆಗಳಲ್ಲಿ ಏಳುವುದು ಸಹಜ. ಹಿಂದೆ ಈ ಮಾತು ತಿರುಪತಿ, ಕಾಶಿಗಳ ಯಾತ್ರೆಯಲ್ಲಿ ಮುಗಿಯುತ್ತಿತ್ತು. ಈಗ ಮನಾಲಿ, ಕಾಶ್ಮೀರಗಳವರೆಗೂ ಹೋಗುತ್ತದೆ. ಹಿಮ ನೋಡಲೆಂದು ಹೋದವರು ಅದರ ಮೇಲೆ ಜಾರುವ ಸ್ಕೀಯಿಂಗ್ ಆಟವನ್ನೂ ಒಂದು ಕೈ ನೋಡಿಬಿಡೋಣವೆಂದು ಮನಸ್ಸು ಮಾಡುವುದುಂಟು.

ಮನಸ್ಸು ಮಾಡುವುದು ತಪ್ಪಲ್ಲ. ಆದರೆ ಹೋಟೆಲು, ವಿಮಾನ, ಕಾರು ಎಲ್ಲವನ್ನೂ ತಿಂಗಳ ಮುಂಚೆ ವಿಚಾರಿಸಿ ಗೊತ್ತುಮಾಡುವ ನಾವು, ಕಲಿಸುವವನು ಯಾರು ಎಂಬುದನ್ನು ಮಾತ್ರ ಹಿಮದ ಅಂಚಿನಲ್ಲಿ ನಿಂತು, ಮೊದಲು ಬಂದು ಕೈಹಿಡಿದವನಿಗೆ ಒಪ್ಪಿಸಿಬಿಡುತ್ತೇವೆ. ಈ ಆಟದಲ್ಲಿ ಹಣವೂ ಮೊಣಕಾಲೂ ಉಳಿಯುವುದು ಅಥವಾ ಹೋಗುವುದು ಹೆಚ್ಚಾಗಿ ಆ ಒಂದು ಆಯ್ಕೆಯ ಮೇಲೆ. ಆದ್ದರಿಂದ ಪಾಠವನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಿ, ಯಾವಾಗ?

ನಮ್ಮ ದೇಶದಲ್ಲಿ ಹೊಸಬರು ಕಲಿಯಲು ಹೋಗುವ ಮುಖ್ಯ ಸ್ಥಳಗಳು ಮೂರು. ಕಾಶ್ಮೀರದ ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 8,700 ಅಡಿ ಎತ್ತರದಲ್ಲಿದೆ. ಉತ್ತರಾಖಂಡದ ಔಲಿ ಜೋಶಿಮಠದ ಮೇಲ್ಭಾಗದಲ್ಲಿದ್ದು, ಅಲ್ಲಿನ ಇಳಿಜಾರುಗಳು ಸುಮಾರು 8,200 ಅಡಿಯಿಂದ 10,000 ಅಡಿಯವರೆಗೆ ಹಬ್ಬಿವೆ. ಹಿಮಾಚಲದ ಸೋಲಂಗ್ ಕಣಿವೆ ಮನಾಲಿಗೆ ಹತ್ತಿರ. ಎತ್ತರ ಸುಮಾರು 8,400 ಅಡಿ.

ಹಿಮದ ಕಾಲ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಜನವರಿಯ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಸಾಮಾನ್ಯವಾಗಿ ಉತ್ತಮ. ಅರೇಬಿಕಾ ಬೆಳೆಗಾರರಿಗೆ ಇದು ಒಗ್ಗುತ್ತದೆ. ರೊಬಸ್ಟಾ ಇರುವವರಿಗೆ ಕೊಯ್ಲೂ, ಅದರ ಬೆನ್ನಿಗೇ ಸ್ಪ್ರಿಂಕ್ಲರ್ ಕೆಲಸವೂ ಅದೇ ಹೊತ್ತಿಗೆ ಬರುವುದರಿಂದ ತೋಟ ನೋಡಿಕೊಳ್ಳುವವರನ್ನು ಗೊತ್ತುಮಾಡಿಯೇ ಹೊರಡಬೇಕು. ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಅದೂ ಒಂದು ಲೆಕ್ಕ.

ಹೂಮಳೆಯನ್ನು ನಂಬಿ ಕುಳಿತ ನಮಗೆ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಿಮವೂ ಮಳೆಯಂತೆಯೇ, ಕರೆದಾಗ ಬರುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಬಹುಪಾಲು ಬರಿದಾಗಿಯೇ ಇದ್ದವು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲದೆ ಮುಂದೂಡಿ ಮಾರ್ಚ್‌ನಲ್ಲಿ ನಡೆಸಬೇಕಾಯಿತು. ಆದುದರಿಂದ ಪಾಠಕ್ಕೆ ಮುಂಗಡ ಕೊಡುವಾಗ, ಹಿಮ ಬೀಳದಿದ್ದರೆ ಹಣ ಹಿಂದಿರುಗುವುದೇ ಅಥವಾ ದಿನ ಬದಲಾಯಿಸಿ ಕೊಡುವರೇ ಎಂಬುದನ್ನು ಬರೆಹದಲ್ಲಿ ಪಡೆಯಿರಿ.

ಎರಡು ದಾರಿಗಳು

ಕಲಿಯುವುದಕ್ಕೆ ಎರಡು ದಾರಿಗಳಿವೆ. ಎರಡರ ಉದ್ದೇಶವೂ ಬೇರೆ. ಒಂದನ್ನು ಇನ್ನೊಂದೆಂದು ತಿಳಿದು ಹೊರಟರೆ ನಿರಾಶೆ ಖಂಡಿತ.

ಮೊದಲನೆಯದು ಸಂಸ್ಥೆಗಳ ಶಿಬಿರ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಸೇರಿದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ 1961ರಲ್ಲಿ ಆರಂಭವಾಗಿ ಈಗ ಅಟಲ್ ಬಿಹಾರಿ ವಾಜಪೇಯಿಯವರ ಹೆಸರು ಹೊತ್ತಿರುವ ಪರ್ವತಾರೋಹಣ ಸಂಸ್ಥೆ ಸೋಲಂಗ್‌ನಲ್ಲಿ ಸ್ಕೀ ಶಿಬಿರ ನಡೆಸುತ್ತದೆ. ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದ 7 ದಿನ ಮತ್ತು 14 ದಿನಗಳ ಶಿಬಿರಗಳು ಹೆಸರಾದವು. ಇಂಥ ಕಡೆ ಶಿಸ್ತು ಹೆಚ್ಚು. ಬೆಳಿಗ್ಗೆ ಬೇಗ ಏಳಬೇಕು, ವ್ಯಾಯಾಮ ಮಾಡಬೇಕು, ವೈದ್ಯರ ಪ್ರಮಾಣಪತ್ರ ತರಬೇಕು. ಹಲವರೊಡನೆ ಒಂದೇ ಕೋಣೆಯಲ್ಲಿ ಮಲಗಬೇಕಾಗಿಯೂ ಬರಬಹುದು. ಆದರೆ ಸಲಕರಣೆ, ಊಟ, ವಸತಿ, ಪಾಠ ಒಟ್ಟಿಗೆ ಸೇರಿ ದಿನದ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಕಾಲೇಜು ಓದುವ ಮಗ, ಮಗಳು ನಿಜವಾಗಿಯೂ ಕಲಿಯಬೇಕೆಂದಿದ್ದರೆ ಇದೇ ಸರಿಯಾದ ದಾರಿ. ಸ್ಥಳಗಳು ಬೇಗ ತುಂಬುವುದರಿಂದ ಅರ್ಜಿಯನ್ನು ಶರತ್ಕಾಲದಲ್ಲೇ ಹಾಕುವುದು ಒಳ್ಳೆಯದು.

ಎರಡನೆಯದು ಖಾಸಗಿ ಶಿಕ್ಷಕನ ಪಾಠ. ಸಂಸಾರ ಸಮೇತ ಹೋದವರಿಗೆ ಅನುಕೂಲವಾದದ್ದು ಇದೇ. ಇದರಲ್ಲೂ ಒಂದು ವಿವೇಕ ಬೇಕು. ‘ಒಂದು ಗಂಟೆಯಲ್ಲಿ ಕಲಿಸುತ್ತೇನೆ’ ಎನ್ನುವವನು ಕಲಿಸುವುದಿಲ್ಲ. ಹಲಗೆ ಕಟ್ಟಿಸಿ, ಕೈಹಿಡಿದು ನಾಲ್ಕು ಮಾರು ಜಾರಿಸಿ, ಚಿತ್ರ ತೆಗೆಸಿ ಕಳುಹಿಸುತ್ತಾನೆ. ಚಿತ್ರವಷ್ಟೇ ಬೇಕಾದವರಿಗೆ ಅದು ಸಾಕು. ಕಲಿಯಬೇಕಾದವರು ಕನಿಷ್ಠ 3 ದಿನ, ದಿನಕ್ಕೆ ಅರ್ಧ ದಿನದಂತೆ ಗೊತ್ತುಮಾಡಬೇಕು. ಮೂರೂ ದಿನ ಒಬ್ಬನೇ ಶಿಕ್ಷಕನಿರಲಿ. ದಿನಕ್ಕೊಬ್ಬ ಬದಲಾದರೆ ಪ್ರತಿಯೊಬ್ಬನೂ ಮೊದಲಿನಿಂದ ಆರಂಭಿಸುತ್ತಾನೆ, ನಾವು ಮೊದಲ ಪಾಠದಲ್ಲೇ ಉಳಿಯುತ್ತೇವೆ.

ಕೇಳಬೇಕಾದ ಪ್ರಶ್ನೆಗಳು

ಹಣ ಕೊಡುವ ಮೊದಲು ಸಂಕೋಚವಿಲ್ಲದೆ ಇವನ್ನು ಕೇಳಿ:

1. ನೀವು ಎಲ್ಲಿ ತರಬೇತಿ ಪಡೆದವರು, ಪ್ರಮಾಣಪತ್ರ ಇದೆಯೆ? ಚೆನ್ನಾಗಿ ಜಾರಬಲ್ಲವರೆಲ್ಲ ಚೆನ್ನಾಗಿ ಕಲಿಸಬಲ್ಲವರಲ್ಲ. ಪ್ರಮಾಣಪತ್ರವಿರುವವನು ಕೇಳಿದ್ದಕ್ಕೆ ಬೇಸರಿಸುವುದಿಲ್ಲ.

2. ಒಬ್ಬ ಶಿಕ್ಷಕನಿಗೆ ಎಷ್ಟು ಮಂದಿ? ಹೊಸಬರಾದರೆ ನಾಲ್ಕೈದು ಮಂದಿಗಿಂತ ಹೆಚ್ಚಿಲ್ಲದಿರುವುದು ಲೇಸು. ಗುಂಪು ದೊಡ್ಡದಾದಷ್ಟೂ ಸರದಿ ಕಾಯುತ್ತ ಚಳಿಯಲ್ಲಿ ನಿಲ್ಲುವ ಹೊತ್ತೇ ಹೆಚ್ಚು.

3. ಯಾವ ಭಾಷೆಯಲ್ಲಿ ಕಲಿಸುತ್ತೀರಿ? ಹಿಂದಿ ಬಾರದ ಹಿರಿಯರಿದ್ದರೆ ಇದು ಸಣ್ಣ ವಿಷಯವಲ್ಲ. ನಿಲ್ಲು, ಬಾಗು, ಬಲಕ್ಕೆ, ಎಡಕ್ಕೆ, ಬೀಳು ಎಂಬ ಐದು ಮಾತುಗಳನ್ನಾದರೂ ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು.

4. ಸಲಕರಣೆಯ ಬಾಡಿಗೆ, ಲಿಫ್ಟಿನ ಟಿಕೆಟ್ಟು ದರದಲ್ಲಿ ಸೇರಿದೆಯೆ? ಇಲ್ಲವಾದರೆ ಕಡಿಮೆ ದರವೆಂದು ಕಂಡದ್ದು ಸಂಜೆಗೆ ಎರಡರಷ್ಟಾಗುತ್ತದೆ.

5. ಪೆಟ್ಟಾದರೆ ಏನು ಏರ್ಪಾಡು? ಹತ್ತಿರದ ಆಸ್ಪತ್ರೆ ಎಲ್ಲಿ, ಕೆಳಗಿಳಿಸುವವರು ಯಾರು? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಹೊರಡುವ ಮುನ್ನ ನಿಮ್ಮ ವಿಮಾ ಪತ್ರವನ್ನೂ ಓದಿ. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಗಳ ಪೆಟ್ಟಿಗೆ ಪರಿಹಾರ ಕೊಡುವುದಿಲ್ಲ. ಅದಕ್ಕೆ ಬೇರೆ ಕಂತು ಕಟ್ಟಬೇಕಾಗಬಹುದು.

ಬೂಟು, ಹಲಗೆ, ಬೈಂಡಿಂಗ್

ಮನಾಲಿಯಿಂದ ಸೋಲಂಗ್‌ಗೆ ಹೋಗುವ ದಾರಿಯಲ್ಲಿ ಬಾಡಿಗೆ ಉಡುಪು, ಬೂಟುಗಳ ಅಂಗಡಿಗಳು ಸಾಲುಸಾಲಾಗಿವೆ. ಚಾಲಕ ನಿಲ್ಲಿಸಿದ ಅಂಗಡಿಯಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಉಡುಪು ಎಲ್ಲಾದರೂ ಸಿಗಲಿ, ಬೂಟನ್ನು ಮಾತ್ರ ಶಿಕ್ಷಕನ ಎದುರಿನಲ್ಲೇ ಹಾಕಿ ನೋಡಿ. ಒಂದೇ ಜೊತೆ ಉಣ್ಣೆಯ ಕಾಲುಚೀಲ ತೊಟ್ಟು ಬೂಟು ಬಿಗಿದಾಗ ಹಿಮ್ಮಡಿ ಮೇಲೇಳಬಾರದು. ಬೆರಳುಗಳು ಮಾತ್ರ ಆಡುವಂತಿರಬೇಕು. ಸಡಿಲ ಬೂಟು ಹಾಯೆನಿಸುತ್ತದೆ, ಆದರೆ ಕಾಲು ಹೇಳಿದ್ದು ಹಲಗೆಗೆ ಕೇಳಿಸುವುದಿಲ್ಲ. ಹೊಸಬರಿಗೆ ಎದೆಯಿಂದ ಗಲ್ಲದವರೆಗಿನ ಉದ್ದದ ಹಲಗೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬೈಂಡಿಂಗ್, ಅಂದರೆ ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು. ಪಂಪ್‌ಸೆಟ್ಟಿನ ಫ್ಯೂಸ್ ಇದ್ದಂತೆ ಎಂದರೆ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಫ್ಯೂಸಿಗೆ ದಪ್ಪ ತಂತಿ ಹಾಕಿದರೆ ಅದು ಹೋಗುವುದಿಲ್ಲ, ಮೋಟಾರು ಸುಡುತ್ತದೆ. ಬೈಂಡಿಂಗ್ ಅತಿ ಬಿಗಿಯಾದರೆ ಅದು ಬಿಚ್ಚುವುದಿಲ್ಲ, ಮೊಣಕಾಲಿನ ಅಸ್ಥಿರಜ್ಜು ಹರಿಯುತ್ತದೆ. ಈ ಆಟದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಅಂಗವೇ ಮೊಣಕಾಲು. ಬಿಗಿತವನ್ನು ಆಳಿನ ತೂಕ, ಎತ್ತರ, ವಯಸ್ಸು, ಅನುಭವ, ಬೂಟಿನ ಅಳತೆ ನೋಡಿ ಸಂಖ್ಯೆಯಿಂದ ಗೊತ್ತುಮಾಡುತ್ತಾರೆ. ನಿಮ್ಮ ತೂಕವನ್ನೂ ಕೇಳದೆ ಹಲಗೆ ಕಟ್ಟುವವನ ಕೈಗೆ ಕಾಲು ಕೊಡಬೇಡಿ. ತೂಕ ಹೇಳುವಾಗ ನಾಚಿಕೆಗೆ ಕಡಿಮೆ ಹೇಳುವುದೂ ಸಲ್ಲದು.

ತಲೆಗೆ ಹೆಲ್ಮೆಟ್ ಇರಲೇಬೇಕು. ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುವುದರಿಂದ ಕಪ್ಪು ಕನ್ನಡಕವೂ ಅಗತ್ಯ. ಒಳಗೆ ಹತ್ತಿ ಬಟ್ಟೆ ಬೇಡ. ಬೆವರಿಗೆ ನೆನೆದರೆ ಒಣಗದೆ ಮೈ ಕೊರೆಯುತ್ತದೆ. ಉಣ್ಣೆ ಲೇಸು.

ಒಳ್ಳೆಯ ಪಾಠದ ಗುರುತು

ಅಡಿಕೆ ಮರ ಹತ್ತಲು ಕಲಿಸುವ ಹಿರಿಯ ಹೊಸ ಹುಡುಗನನ್ನು ಮೊದಲ ದಿನವೇ ಐವತ್ತು ಅಡಿಯ ಮರಕ್ಕೆ ಹತ್ತಿಸುವುದಿಲ್ಲ. ತಳೆ ಹಿಡಿಯುವುದು, ಇಳಿಯುವುದು ಮೊದಲು, ಗೊನೆ ಆಮೇಲೆ. ಸ್ಕೀಯಿಂಗ್‌ನಲ್ಲೂ ಕ್ರಮ ಇದೇ.

ಮೊದಲ ದಿನ ಹೆಚ್ಚು ಹೊತ್ತು ಸಮತಟ್ಟಾದ ಹಿಮದ ಮೇಲೆಯೇ ಕಳೆಯಬೇಕು. ಹಲಗೆ ಕಟ್ಟಿ ನಡೆಯುವುದು, ಪಕ್ಕಕ್ಕೆ ಹೆಜ್ಜೆಯಿಟ್ಟು ದಿಣ್ಣೆ ಹತ್ತುವುದು, ಪಕ್ಕಕ್ಕೆ ಬೀಳುವುದು, ಬಿದ್ದಲ್ಲಿಂದ ಏಳುವುದು, ಇವು ಮೊದಲ ಪಾಠಗಳು. ಮುಂದಿನದು ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ನೇಗಿಲ ಗುಳದ ಆಕಾರದಲ್ಲಿ ವೇಗ ತಗ್ಗಿಸಿ ನಿಲ್ಲುವುದು. ಇದೇ ಹೊಸಬನ ಬ್ರೇಕು. ಎರಡನೆಯ ದಿನ ಅದೇ ಆಕಾರದಲ್ಲಿ ಎಡಕ್ಕೆ, ಬಲಕ್ಕೆ ತಿರುಗುವುದು. ಮೂರನೆಯ ದಿನ ಸಣ್ಣ ಲಿಫ್ಟು ಹಿಡಿದು ಮೇಲೆ ಹೋಗಿ, ಇಳಿಜಾರನ್ನು ಅಡ್ಡಡ್ಡಲಾಗಿ ದಾಟುತ್ತ ಕೆಳಗಿಳಿಯುವುದು.

ನಿಲ್ಲಲು ಬರುವ ಮೊದಲೇ ನಿಮ್ಮನ್ನು ಮೇಲಕ್ಕೆ ಕರೆದೊಯ್ಯುವ ಶಿಕ್ಷಕನಿಗೆ ಅಲ್ಲಿಯೇ ನಮಸ್ಕಾರ ಹೇಳಿ ಹಿಂದಿರುಗುವುದು ಕ್ಷೇಮ. ಜಾಗತಿಕವಾಗಿ ಒಪ್ಪಿದ ಒಂದು ನಿಯಮವನ್ನೂ ಅವನು ಕಲಿಸಿರಬೇಕು: ಮುಂದೆ, ಕೆಳಗೆ ಇರುವವನಿಗೆ ಹಿಂದಿನಿಂದ ಬರುವವನೇ ದಾರಿ ಬಿಡಬೇಕು. ನಿಲ್ಲುವುದಾದರೆ ಅಂಚಿನಲ್ಲಿ ನಿಲ್ಲಬೇಕು.

ಮಕ್ಕಳು, ಹಿರಿಯರು

ಮಕ್ಕಳು ಬೇಗ ಕಲಿಯುತ್ತಾರೆ, ಬೇಗ ದಣಿಯುತ್ತಾರೆ. ಅವರಿಗೆ ಓರಗೆಯವರ ಸಣ್ಣ ಗುಂಪು, ಎರಡು ಗಂಟೆಯ ಪಾಠ ಸಾಕು. ತಂದೆಗೆ ಅಲ್ಪಸ್ವಲ್ಪ ಬಂದರೂ ತಾನೇ ಮಗನಿಗೆ, ಮಡದಿಗೆ ಕಲಿಸಹೊರಡುವುದು ಬೇಡ. ಮನೆಯ ಮಾತಿಗಿಂತ ಹೊರಗಿನವರ ಮಾತು ಇಂಥ ಕಡೆ ಬೇಗ ನಾಟುತ್ತದೆ. ಮೊಣಕಾಲು ನೋವು, ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರು ಊರಿನಲ್ಲೇ ವೈದ್ಯರನ್ನು ಕಂಡು ಹೊರಡಲಿ. ನಮ್ಮ ಬೆಟ್ಟಗಳ ಮೂರು ಸಾವಿರ ಅಡಿಗೂ ಅಲ್ಲಿಯ ಎಂಟೊಂಬತ್ತು ಸಾವಿರ ಅಡಿಗೂ ಗಾಳಿಯಲ್ಲೇ ವ್ಯತ್ಯಾಸವಿದೆ. ತಲುಪಿದ ಮೊದಲ ದಿನ ಪಾಠ ಇಟ್ಟುಕೊಳ್ಳದೆ ವಿಶ್ರಾಂತಿ ಪಡೆಯಬೇಕು. ಎರಡು ವಾರ ಮೊದಲಿನಿಂದ ದಿನವೂ ತೋಟದ ಏರು ಹತ್ತಿಳಿದು, ಕುಳಿತೇಳುವ ವ್ಯಾಯಾಮ ಮಾಡಿದವರಿಗೆ ತೊಡೆ ನೋವು ಅರ್ಧಕ್ಕಿಳಿಯುತ್ತದೆ.

ದಾಟಬಾರದ ಗೆರೆ

ಗುಲ್ಮಾರ್ಗ್‌ನ ಗೊಂಡೋಲಾ ತೂಗುಬಂಡಿಯ ಮೊದಲ ಹಂತ 1998ರಲ್ಲಿಯೂ, ಎರಡನೆಯ ಹಂತ 2005ರಲ್ಲಿಯೂ ಆರಂಭವಾದವು. ಎರಡನೆಯ ಹಂತ ಅಫರ್ವಾತ್ ಬೆಟ್ಟದ ಮೇಲೆ ಸುಮಾರು 13,000 ಅಡಿಗೆ ಒಯ್ಯುತ್ತದೆ. ನೋಡಿ ಬರಲು ಅದು ಸೊಗಸು. ಹೊಸಬರು ಅಲ್ಲಿಂದ ಜಾರಿ ಇಳಿಯಲು ಸಲ್ಲದು. ಕಡಿದಾದ ಆ ಇಳಿಜಾರುಗಳಲ್ಲಿ ಹಿಮಕುಸಿತದ ಭಯವಿದೆ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಬಳಿ ತರಬೇತಿಯಲ್ಲಿದ್ದ ಹಲವು ಯೋಧರು ಹಿಮಕುಸಿತಕ್ಕೆ ಬಲಿಯಾದರು. 2024ರ ಫೆಬ್ರವರಿಯಲ್ಲಿ ಅಲ್ಲೇ ಒಬ್ಬ ವಿದೇಶಿ ಸ್ಕೀಗಾರ ಪ್ರಾಣ ಕಳೆದುಕೊಂಡ. ನುರಿತವರಿಗೇ ಹೀಗಾದರೆ ಹೊಸಬರ ಮಾತೇನು? ಹಗ್ಗ ಕಟ್ಟಿದ ಗೆರೆಯಾಚೆ ‘ಒಳ್ಳೆಯ ಹಿಮವಿದೆ, ಬನ್ನಿ’ ಎಂದು ಕರೆಯುವವನು ಗುರುವಲ್ಲ.

ಔಲಿಗೆ ಹೋಗುವವರು ಜೋಶಿಮಠದ ಸ್ಥಿತಿಯನ್ನು ವಿಚಾರಿಸಬೇಕು. 2023ರ ಜನವರಿಯಲ್ಲಿ ಅಲ್ಲಿ ನೆಲ ಕುಸಿದಾಗ ಔಲಿಗೆ ಹೋಗುವ ತಂತಿಮಾರ್ಗವನ್ನು ನಿಲ್ಲಿಸಲಾಯಿತು. ರಸ್ತೆಯ ಏರ್ಪಾಡನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಕಾಶ್ಮೀರಕ್ಕೆ ಹೋಗುವವರು, 2025ರ ಏಪ್ರಿಲ್‌ನ ಪಹಲ್ಗಾಮ್ ದುರಂತವನ್ನು ನೆನೆದು, ಸರ್ಕಾರದ ಸೂಚನೆಗಳನ್ನು ನೋಡಿಯೇ ಹೊರಡಲಿ.

ನಮ್ಮವರಿಗೂ ಒಗ್ಗುವ ಆಟ

ಹಿಮ ಕಾಣದ ನಾಡಿನವರಿಗೆ ಇದೆಲ್ಲ ಏಕೆ ಎಂದು ಕೇಳುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಉತ್ತರವಾಗಿದ್ದಾರೆ. ಕಾಫಿ ನಾಡಿನ ಈ ಹೆಣ್ಣುಮಗಳು ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟವರು. ಅವರದು ನಾರ್ಡಿಕ್ ಪದ್ಧತಿ. ಅದರಲ್ಲಿ ಹಿಮ್ಮಡಿ ಹಲಗೆಗೆ ಬಿಗಿಯದೆ ಬಿಡುವಾಗಿರುತ್ತದೆ. ಕೆಳಗೆ ಜಾರುವುದಕ್ಕಿಂತ ಹಿಮದ ಬಯಲಿನಲ್ಲಿ ಮೈಲಿಗಟ್ಟಲೆ ಓಡುವ ಕಸುವು ಅಲ್ಲಿ ಬೇಕು. ಹಿಮಾಲಯದಲ್ಲಿ ಹುಟ್ಟಿದವರಿಗಷ್ಟೇ ಈ ವಿದ್ಯೆ ಎಂಬ ಮಾತು ಇನ್ನು ನಿಲ್ಲುವುದಿಲ್ಲ.

ಕಸಿ ಕಟ್ಟುವವನ ಕೈ ನೋಡಿ ಗಿಡ ಒಪ್ಪಿಸುವ, ತೂಕದ ಕಲ್ಲು ನೋಡಿ ಮಾಲು ಕೊಡುವ ಎಚ್ಚರ ನಮ್ಮ ಬೆಳೆಗಾರರಲ್ಲಿ ಹಿಂದಿನಿಂದ ಬಂದದ್ದು. ಅದೇ ಎಚ್ಚರವನ್ನು ಹಿಮದ ಮೇಲೂ ಇಟ್ಟುಕೊಂಡರೆ ಸಾಕು. ಕಡಿಮೆ ದರ, ಎತ್ತರದ ಇಳಿಜಾರು, ಬಣ್ಣದ ಉಡುಪು ಇವೆಲ್ಲ ಆಮೇಲೆ. ನಿಲ್ಲಲು ಕಲಿಸಿದ ಮೇಲೆಯೇ ಜಾರಲು ಬಿಡುವ ಗುರು ಮೊದಲು.