ಹಳೆಯ ಗಣಕಯಂತ್ರದ ವಿದ್ಯುತ್ಪೂರಕ: ದುರಸ್ತಿಯೂ ಸಾಕ್ಷ್ಯವೂ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ಇತಿಹಾಸವನ್ನು ಬರೆಯಹೊರಡುವವರಿಗೆ ಕಾಗದಪತ್ರಗಳು ಮಾತ್ರವೇ ಆಕರಗಳಲ್ಲ. ಆ ಕಾಲದ ಯಂತ್ರಗಳೂ ಆಕರಗಳೇ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು ಬಿ.ಬಿ.ಸಿ.ಯ ಗಣಕ ಸಾಕ್ಷರತಾ ಯೋಜನೆಗಾಗಿ 1981ರ ಡಿಸೆಂಬರಿನಲ್ಲಿ ಹೊರತಂದ ‘ಬಿ.ಬಿ.ಸಿ. ಮೈಕ್ರೊ’ ಎಂಬ ಗಣಕಯಂತ್ರವು ಇದಕ್ಕೆ ಒಳ್ಳೆಯ ನಿದರ್ಶನ. ಭಾರತ ಸರ್ಕಾರವು 1984ರಲ್ಲಿ ‘ಕ್ಲಾಸ್’ ಎಂಬ ಹೆಸರಿನಿಂದ ಪ್ರೌಢಶಾಲೆಗಳಲ್ಲಿ ಗಣಕಶಿಕ್ಷಣವನ್ನು ಆರಂಭಿಸಿದಾಗ ಆರಿಸಿಕೊಂಡದ್ದು ಇದೇ ಯಂತ್ರವನ್ನು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು ಪರವಾನಗಿ ಪಡೆದು ಇದನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿಯೂ ತಯಾರಿಸಿತು. ಇಂಥ ಯೋಜನೆಗಳ ವರದಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಯಂತ್ರಗಳ ಸಂಖ್ಯೆ, ಶಾಲೆಗಳ ಸಂಖ್ಯೆ. ಶಾಲೆಗೆ ಬಂದ ಯಂತ್ರ ಎಷ್ಟು ಕಾಲ ನಡೆಯಿತು, ಕೆಟ್ಟಾಗ ಅದನ್ನು ಯಾರಾದರೂ ಸರಿಪಡಿಸಿದರೆ, ಅಥವಾ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಎಂಬುದನ್ನು ಯಂತ್ರವನ್ನೇ ಕೇಳಿ ತಿಳಿಯಬೇಕಾಗುತ್ತದೆ.

ಹೀಗೆ ಕೇಳಹೊರಟಾಗ ನಾವು ಮೊದಲು ಮಾಡಿದ ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಮೇಲು. ಪ್ರೌಢಶಾಲೆಯೊಂದರ ಉಗ್ರಾಣದಿಂದ ದೊರೆತ ಯಂತ್ರವನ್ನು ಧೂಳು ಒರಸಿದೊಡನೆಯೇ ವಿದ್ಯುತ್ತಿಗೆ ಜೋಡಿಸಿ ಗುಂಡಿಯನ್ನು ಒತ್ತಿದೆವು. ಯಂತ್ರವು ಸದ್ದು ಮಾಡಿ ಎಚ್ಚೆತ್ತಿತು, ನಾವು ಹಿಗ್ಗಿದೆವು. ಕಾಲು ಗಂಟೆ ಕಳೆಯುವಷ್ಟರಲ್ಲಿ ಎಡಭಾಗದಿಂದ ದಟ್ಟವಾದ, ಮೂಗನ್ನು ಸುಡುವ ಹೊಗೆ ಏಳತೊಡಗಿತು. ವಿಚಿತ್ರವೆಂದರೆ ಹೊಗೆ ಏಳುತ್ತಿದ್ದಾಗಲೂ ಪರದೆಯ ಮೇಲಿನ ಅಕ್ಷರಗಳು ಅಲುಗಲಿಲ್ಲ.

ಈ ವೈಚಿತ್ರ್ಯದ ಕಾರಣವನ್ನು ಅರಿಯಬೇಕಾದರೆ ವಿದ್ಯುತ್ಪೂರಕದ, ಎಂದರೆ ಪವರ್ ಸಪ್ಲೈ ಎಂಬ ಭಾಗದ, ಕಾರ್ಯಕ್ರಮವನ್ನು ತಿಳಿಯಬೇಕು. ಗೋಡೆಯಿಂದ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಯಂತ್ರದ ಚಿಪ್ಪುಗಳಿಗೆ ಬೇಕಾದದ್ದು 5 ವೋಲ್ಟಿನ ಏಕಮುಖ ವಿದ್ಯುತ್ತು. ಇದಲ್ಲದೆ ಸರಣಿ ಸಂಪರ್ಕದ ಮಂಡಲಕ್ಕಾಗಿ ಋಣ 5 ವೋಲ್ಟನ್ನೂ ಡಿಸ್ಕ್ ಮುಂತಾದ ಹೊರ ಉಪಕರಣಗಳಿಗಾಗಿ 12 ವೋಲ್ಟನ್ನೂ ಇದು ಒದಗಿಸುತ್ತದೆ. ಹಳೆಯ ಕ್ರಮದಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸುತ್ತಿತ್ತು. ಉಳಿದ ಹೆಚ್ಚಳವನ್ನು ನಿಯಂತ್ರಕವು ಶಾಖವಾಗಿ ಕಳೆಯುತ್ತಿತ್ತು. 8 ವೋಲ್ಟನ್ನು 5ಕ್ಕೆ ಇಳಿಸಿ 3 ಆಂಪಿಯರ್ ಪ್ರವಾಹವನ್ನು ಕೊಡಬೇಕಾದರೆ 9 ವಾಟ್ ಶಕ್ತಿ ಬರಿಯ ಬಿಸಿಯಾಗಿ ವ್ಯರ್ಥವಾಗುವುದೆಂದು ಯಾರಾದರೂ ಲೆಕ್ಕ ಹಾಕಬಹುದು. ಬಿ.ಬಿ.ಸಿ. ಮೈಕ್ರೊವಿನ ಮೊದಮೊದಲಿನ ಯಂತ್ರಗಳಲ್ಲಿ ಇದೇ ಕ್ರಮವಿದ್ದು, ಅವು ಅತಿಯಾಗಿ ಕಾಯುತ್ತಿದ್ದುದರಿಂದ ಬೇಗನೆಯೇ ‘ಸ್ವಿಚಿಂಗ್’ ಕ್ರಮದ ಪೂರಕವು ಅವುಗಳ ಸ್ಥಾನಕ್ಕೆ ಬಂದಿತು. 1977ರ ಆ್ಯಪಲ್-2 ಯಂತ್ರದಲ್ಲಿ ರಾಡ್ ಹೋಲ್ಟ್ ಎಂಬ ಇಂಜಿನಿಯರು ಅಳವಡಿಸಿದ್ದೂ ಇದೇ ಕ್ರಮವನ್ನು.

ಈ ಹೊಸ ಕ್ರಮದಲ್ಲಿ ಗೋಡೆಯ ವಿದ್ಯುತ್ತನ್ನು ಮೊದಲು ಹಾಗೆಯೇ ಏಕಮುಖವಾಗಿಸುತ್ತಾರೆ. ಆಗ ಅದು ಸುಮಾರು 325 ವೋಲ್ಟಾಗಿ ದೊಡ್ಡದೊಂದು ಧಾರಕದಲ್ಲಿ, ಎಂದರೆ ಕೆಪಾಸಿಟರಿನಲ್ಲಿ, ನಿಲ್ಲುತ್ತದೆ. ಟ್ರಾನ್ಸಿಸ್ಟರೊಂದು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಕೊಡುತ್ತದೆ. ಇಷ್ಟು ವೇಗದ ಸ್ಪಂದನಗಳಿಗೆ ಅಂಗೈಯಲ್ಲಿ ಹಿಡಿಸುವ ಸಣ್ಣ ಟ್ರಾನ್ಸ್‌ಫಾರ್ಮರು ಸಾಕು. ಹೊರಬರುವ ವೋಲ್ಟನ್ನು ಮತ್ತೊಂದು ಮಂಡಲವು ಅಳೆಯುತ್ತಿದ್ದು, ಹೆಚ್ಚಾದರೆ ಕಡಿತವನ್ನು ಕುಗ್ಗಿಸುತ್ತದೆ, ಕಡಿಮೆಯಾದರೆ ಹಿಗ್ಗಿಸುತ್ತದೆ. ಆದರೆ ಹೀಗೆ ಕಡಿಯುವುದರಿಂದ ಹುಟ್ಟುವ ವಿದ್ಯುತ್ ಗದ್ದಲವು ಮನೆಯ ತಂತಿಗಳಿಗೆ ಹಿಂದಿರುಗಿ ರೇಡಿಯೋ ಮುಂತಾದವಕ್ಕೆ ತೊಂದರೆ ಕೊಡದಂತೆ ಪ್ರವೇಶದ್ವಾರದಲ್ಲಿ ಶೋಧಕ ಧಾರಕಗಳನ್ನಿಟ್ಟಿರುತ್ತಾರೆ. ಈ ಪೂರಕದಲ್ಲಿ ಅವು ಎರಡು: ಒಂದು 0.1, ಇನ್ನೊಂದು 0.01 ಮೈಕ್ರೋಫ್ಯಾರಡ್. ಲೋಹ ಲೇಪಿಸಿದ ಕಾಗದದ ಸುರುಳಿಯನ್ನು ರಾಳದಲ್ಲಿ ಎರೆದು ಮಾಡಿದ ಈ ಧಾರಕಗಳ ಕವಚವು ದಶಕಗಳು ಕಳೆದಂತೆ ಬಿರುಕುಬಿಡುತ್ತದೆ. ಬಿರುಕಿನಲ್ಲಿ ತೇವ ಇಳಿಯುತ್ತದೆ. ಮತ್ತೆ ವಿದ್ಯುತ್ತು ಹರಿದ ದಿನ ಕಾಗದ ಸುಟ್ಟು ಹೊಗೆಯಾಗುತ್ತದೆ. ಅವು ಗದ್ದಲವನ್ನು ತಡೆಯುವ ಕಾವಲುಗಾರರೇ ಹೊರತು ವಿದ್ಯುತ್ತನ್ನು ಒದಗಿಸುವವಲ್ಲ. ಆದ್ದರಿಂದಲೇ ಅವು ಸುಡುತ್ತಿದ್ದರೂ ಯಂತ್ರವು ನಡೆದೇ ಇತ್ತು.

ಮುಪ್ಪಿಗೆ ತುತ್ತಾಗುವ ಇನ್ನೊಂದು ವರ್ಗವೆಂದರೆ ಒಳಗೆ ದ್ರವವಿರುವ ಎಲೆಕ್ಟ್ರೊಲಿಟಿಕ್ ಧಾರಕಗಳು. ದ್ರವವು ಬಿಸಿಗೆ ಮೆಲ್ಲಮೆಲ್ಲನೆ ಆರಿಹೋಗಿ ಪೂರಕವು ಎಚ್ಚರಗೊಳ್ಳಲೊಲ್ಲದು, ಅಥವಾ ವೋಲ್ಟು ತೂಗಾಡುವುದು. ಈ ಪೂರಕದಲ್ಲಿ 220 ಮೈಕ್ರೋಫ್ಯಾರಡಿನ ಚಿಕ್ಕದೊಂದು ಧಾರಕವು ಹೀಗೆ ಸೋಲುವುದು ಬಲ್ಲವರಿಗೆಲ್ಲ ಪರಿಚಿತ.

ದುರಸ್ತಿಯ ಕ್ರಮವು ಕಷ್ಟವಲ್ಲ, ಅಪಾಯಕರ. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ದೊಡ್ಡ ಧಾರಕದಲ್ಲಿ ಕೊಲ್ಲಬಲ್ಲಷ್ಟು ವಿದ್ಯುತ್ತು ನಿಂತಿರಬಹುದು. ಕೆಲಕಾಲ ಕಾದು, ಮೀಟರಿನಿಂದ ಅಳೆದು, ಉಳಿದಿದ್ದರೆ ತಕ್ಕ ರೋಧಕದ ಮೂಲಕ ಬರಿದುಮಾಡಿ, ಪುನಃ ಅಳೆಯಬೇಕು. ತಿರುಪುಳಿಯನ್ನು ಅಡ್ಡಹಿಡಿದು ಕಿಡಿ ಹಾರಿಸುವುದು ಜಾಣತನವಲ್ಲ. ಈ ವಿದ್ಯೆ ಬಲ್ಲವರ ಜೊತೆಯಿಲ್ಲದೆ ವಿದ್ಯಾರ್ಥಿಗಳು ಮುಚ್ಚಳವನ್ನು ತೆರೆಯಬಾರದು. ಶೋಧಕ ಧಾರಕಗಳ ಜಾಗದಲ್ಲಿ ಮುಖ್ಯ ವಿದ್ಯುತ್ತಿಗೆಂದೇ ಪ್ರಮಾಣಿತವಾದ ‘ಎಕ್ಸ್-2’ ವರ್ಗದವನ್ನೇ ಕೂರಿಸತಕ್ಕದ್ದು. ಎಲೆಕ್ಟ್ರೊಲಿಟಿಕ್ ಧಾರಕದಲ್ಲಿ ಧನ-ಋಣಗಳನ್ನು ತಿರುವುಮುರುವು ಮಾಡಬಾರದು. ಬಳಿಕ ಪೂರಕವನ್ನು ಗಣಕಕ್ಕೆ ಜೋಡಿಸದೆ, 5 ವೋಲ್ಟಿನ ತುದಿಗಳಿಗೆ 2 ಓಮಿನ ದಪ್ಪ ರೋಧಕವನ್ನು ಹೊರೆಯಾಗಿ ಕಟ್ಟಬೇಕು, ಅದರಲ್ಲಿ 2.5 ಆಂಪಿಯರ್ ಹರಿದು 12.5 ವಾಟ್ ಬಿಸಿ ಹುಟ್ಟುವುದರಿಂದ ಅದನ್ನು ಮೇಜಿನ ಬಟ್ಟೆಯ ಮೇಲೆ ಇಡಲಾಗದು. ಗೋಡೆಯ ತಂತಿಯ ಸಾಲಿನಲ್ಲಿ ಹಳೆಯ ಮಾದರಿಯ ತಂತುದೀಪವೊಂದನ್ನು ಸೇರಿಸಿದರೆ, ಒಳಗೆ ಎಲ್ಲಾದರೂ ಅಡ್ಡದಾರಿ ಉಂಟಾಗಿದ್ದಲ್ಲಿ ದೀಪವು ಪೂರ್ಣವಾಗಿ ಬೆಳಗಿ ಎಚ್ಚರಿಸುತ್ತದೆ, ಪೂರಕ ಉಳಿಯುತ್ತದೆ. ದೀಪವನ್ನು ತೆಗೆದ ಮೇಲೆ ಅಳತೆ 4.75ರಿಂದ 5.25 ವೋಲ್ಟಿನೊಳಗೆ ನಿಂತರೆ ಮಾತ್ರ ಗಣಕಕ್ಕೆ ಜೋಡಿಸಬಹುದು. ಕೆಂಪು ಮತ್ತು ಕಪ್ಪು ತಂತಿಗಳು ಅದಲುಬದಲಾದರೆ ದೊರೆಯಲಾರದ ಚಿಪ್ಪುಗಳು ಕ್ಷಣದಲ್ಲಿ ಹಾಳಾಗುವುವು.

ಮೇಲೆ ಹೇಳಿದ ಮೊದಲ ಯಂತ್ರವನ್ನು ನಾವು ದುರಸ್ತಿಗಾರರೊಬ್ಬರಿಗೆ ಒಪ್ಪಿಸಿದೆವು. ಅವರು ಹಳೆಯ ಧಾರಕಗಳನ್ನೆಲ್ಲ ಬದಲಾಯಿಸಿ, ತೆಗೆದವನ್ನು ಬಿಸಾಡಿ, ಚೆನ್ನಾಗಿ ನಡೆಯುವ ಯಂತ್ರವನ್ನು ಹಿಂದಿರುಗಿಸಿದರು. ಅವರ ಮೇಲೆ ಆಕ್ಷೇಪವಿಲ್ಲ. ಇರಿಸಿಕೊಳ್ಳಿರೆಂದು ನಾವು ಹೇಳಿರಲಿಲ್ಲ. ಎಷ್ಟೋ ಬಿಡಿಭಾಗಗಳ ಮೇಲೆ ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆಂಬುದು ನಮಗೆ ತಿಳಿದದ್ದು ಅನಂತರ. 8512 ಎಂದಿದ್ದರೆ 1985ರ ಹನ್ನೆರಡನೆಯ ವಾರ. ನಿಧಿಯಲ್ಲಿ ದೊರೆತ ನಾಣ್ಯಗಳಲ್ಲಿ ಎಲ್ಲಕ್ಕಿಂತ ಈಚಿನದು ನಿಧಿಯನ್ನು ಹೂಳಿದ ಕಾಲದ ಪೂರ್ವಾವಧಿಯನ್ನು ಹೇಗೆ ಗೊತ್ತುಪಡಿಸುವುದೋ ಹಾಗೆಯೇ, ಈ ಅಂಕಿಗಳಲ್ಲಿ ಕೊನೆಯದು ಯಂತ್ರವು ಜೋಡಣೆಯಾದ ಅಥವಾ ದುರಸ್ತಿಯಾದ ಕಾಲಕ್ಕೆ ಪೂರ್ವಾವಧಿಯಾಗುತ್ತದೆ. ಮೊದಲ ಯಂತ್ರದ ಪೂರಕವು ಈ ವಿಷಯದಲ್ಲಿ ಇನ್ನು ಮಾತನಾಡುವಂತಿಲ್ಲ.

ಎರಡನೆಯ ಯಂತ್ರವು ಬೇರೊಂದು ಶಾಲೆಯಿಂದ, ಗುಜರಿಗೆ ತೂಗಿಹಾಕುವ ಹಿಂದಿನ ದಿನ, ನಮ್ಮ ಕೈಗೆ ಬಂದಿತು. ಇದನ್ನು ವಿದ್ಯುತ್ತಿಗೆ ಜೋಡಿಸುವ ಮುನ್ನ ತೆರೆದು, ಪ್ರತಿಯೊಂದು ಭಾಗದ ಸ್ಥಾನವನ್ನು ಬರೆದುಕೊಂಡೆವು. ಧಾರಕಗಳ ಅಂಕಿಗಳೆಲ್ಲ 1984 ಮತ್ತು 1985ರವು; ಒಂದು ಮಾತ್ರ 1991ರದು, ಬೇರೆ ಬಣ್ಣದ್ದು. ಅದರ ಬುಡದ ಬೆಸುಗೆಯು ಗುಂಡಗುಂಡಾಗಿ, ಕೈ ಪಳಗದವರ ಕೆಲಸದಂತೆ ಕಾಣುತ್ತಿತ್ತು. ಎಂದರೆ ಯೋಜನೆ ಆರಂಭವಾಗಿ ಏಳು ವರ್ಷಗಳ ತರುವಾಯವೂ ಈ ಯಂತ್ರ ನಡೆಯಲೆಂದು ಬಯಸಿದವರು, ಅದಕ್ಕಾಗಿ ಬೆಸುಗೆ ಹಿಡಿದವರು ಇದ್ದರು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಇದರ ಸೊಲ್ಲಿಲ್ಲ.

ಕೆಲವು ಸಂಗ್ರಾಹಕರು ಹಳೆಯ ಧಾರಕದ ಕವಚವನ್ನು ಟೊಳ್ಳುಮಾಡಿ ಹೊಸದನ್ನು ಅದರೊಳಗೆ ಅಡಗಿಸಿ ಕೂರಿಸುವುದುಂಟು. ನೋಟಕ್ಕೆ ಎಲ್ಲವೂ ಮೂಲದಂತೆಯೇ ಇರುತ್ತದೆ. ಕಣ್ಣಿಗೆ ಇದು ಒಪ್ಪಬಹುದು. ನಮಗೆ ಒಪ್ಪಿಗೆಯಿಲ್ಲ: ಮುಂದೆ ಆ ಅಂಕಿಗಳನ್ನು ಓದುವವನು ಕೂಟಶಾಸನವನ್ನು ಓದಿದಂತಾಗುತ್ತದೆ. ಹೊಸದು ಹೊಸದಾಗಿಯೇ ಕಾಣಿಸಲಿ. ನಾವು 1991ರ ಆ ಧಾರಕವನ್ನೂ ಬಿರುಕುಬಿಟ್ಟ ಎರಡು ಶೋಧಕಗಳನ್ನೂ ತೆಗೆದು, ದಿನಾಂಕ, ಸ್ಥಾನ, ಅಳತೆಗಳನ್ನು ಬರೆದ ಲಕೋಟೆಯಲ್ಲಿಟ್ಟು, ಅದನ್ನು ಪೂರಕದ ಹೊರಪೆಟ್ಟಿಗೆಗೆ ದಾರದಿಂದ ಕಟ್ಟಿದ್ದೇವೆ. ಮುಂದೆ ಎಂದಾದರೂ ಇದನ್ನು ತೆರೆಯುವವರಿಗೆ 1991ರ ಆ ಕೈಯೂ ನಮ್ಮ ಕೈಯೂ ಬೇರೆಬೇರೆಯಾಗಿ ಗುರುತು ಸಿಕ್ಕುವಂತಿದೆ.